ಯುದ್ಧವಿಮಾನ ಎಣಿಸುವ ಮೊದಲು ರನ್‌ವೇ ಅಳೆಯಿರಿ

ಮಾನ್ಯ ಸಂಪಾದಕರೇ,

ಕಚ್ಚತೀವು, ಮಿನಿಕಾಯ್, ಗ್ರೇಟ್ ನಿಕೋಬಾರ್. ಈ ಮೂರು ದ್ವೀಪಗಳಲ್ಲಿ ಯಾವುದರ ಹೆಸರು ಸುದ್ದಿಗೆ ಬಂದರೂ ವಾಚಕರ ಪತ್ರಗಳ ಅಂಕಣದಲ್ಲಿ ಒಂದೇ ಧಾಟಿಯ ಮಾತು ಬರುತ್ತದೆ: ಅಲ್ಲೊಂದು ಸ್ಕ್ವಾಡ್ರನ್ ಯುದ್ಧವಿಮಾನ ತಂದು ನಿಲ್ಲಿಸಿದರೆ ಮುಗೀತು, ಯಾರೂ ಹತ್ತಿರ ಸುಳಿಯುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ನಿಂತವರೂ ಇದನ್ನೇ ಹೇಳುತ್ತಾರೆ. ಸರಿ, ನಿಲ್ಲಿಸೋಣ. ಎಷ್ಟು ಅಡಿ ಡಾಂಬರಿನ ಮೇಲೆ? ಅದಕ್ಕೆ ಇಂಧನ ಯಾವ ಹಡಗಿನಲ್ಲಿ ಬರಬೇಕು, ಆ ಹಡಗು ಯಾವ ಜೆಟ್ಟಿಗೆ ಹತ್ತಬೇಕು? ಇದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಈ ಪತ್ರ.

ಮೊದಲಿಗೆ, ಈ ಮೂರೂ ಒಂದೇ ಬಗೆಯ ಪ್ರಕರಣಗಳಲ್ಲ. ಕಚ್ಚತೀವು 285 ಎಕರೆ. 1974ರ ಒಪ್ಪಂದದಲ್ಲಿ ಶ್ರೀಲಂಕಾದ ಪಾಲಾಯಿತು. ಅಲ್ಲಿ ಕುಡಿಯುವ ನೀರಿಲ್ಲ, ಊರಿಲ್ಲ. ಇರುವುದು ಒಂದು ಸಂತ ಅಂತೋಣಿಯ ಚರ್ಚು. ಅಲ್ಲಿನ ನಿಜವಾದ ಜಗಳ ಮೀನಿನದು, ಅದಕ್ಕೆ ಯುದ್ಧವಿಮಾನದಿಂದ ಆಗುವುದೇನೂ ಇಲ್ಲ. ಮಿನಿಕಾಯ್ ಮತ್ತು ಗ್ರೇಟ್ ನಿಕೋಬಾರ್ ನಮ್ಮವು, ಅವುಗಳ ಮೇಲೆ ಯಾರ ದಾವೆಯೂ ಇಲ್ಲ. ಅಲ್ಲಿರುವುದು ಕಾವಲಿನ ಪ್ರಶ್ನೆ. ದಾವೆಯೂ ಇದ್ದು, ಯುದ್ಧವೂ ನಡೆದು, ದೂರದ ದ್ವೀಪ ಕಾಯುವುದೆಂದರೆ ಏನೆಂಬುದು ಲೆಕ್ಕಸಮೇತ ಸಿಗುವ ಜಾಗ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್.

ಫಾಕ್‌ಲ್ಯಾಂಡ್ ಸುಮಾರು 12,170 ಚದರ ಕಿ.ಮೀ. 1997ಕ್ಕೆ ಮೊದಲಿನ ಅಖಂಡ ಧಾರವಾಡ ಜಿಲ್ಲೆ, ಅಂದರೆ ಈಗಿನ ಧಾರವಾಡ, ಗದಗ, ಹಾವೇರಿ ಮೂರೂ ಕೂಡಿದ್ದಕ್ಕಿಂತ ತುಸು ಚಿಕ್ಕದು. ಅಷ್ಟಗಲದ ನೆಲದಲ್ಲಿ ಇವತ್ತಿಗೂ ಇರುವವರು ಸುಮಾರು ಮೂರೂವರೆ ಸಾವಿರ ಜನ. ಕುರಿಗಳು ಮಾತ್ರ ಲಕ್ಷಗಟ್ಟಲೆ. ಅರ್ಜೆಂಟೀನಾದ ಕರಾವಳಿಗೆ ಸುಮಾರು 480 ಕಿ.ಮೀ., ಬ್ರಿಟನ್ನಿಗೆ ಸುಮಾರು 12,700 ಕಿ.ಮೀ. ದಾವೆಯ ಕಥೆ ಉದ್ದ. ಫ್ರೆಂಚರು 1764ರಲ್ಲಿ ಮೊದಲು ನೆಲೆಯೂರಿದರು. ಅವರಲ್ಲಿ ಸೇಂಟ್ ಮಾಲೋ ಬಂದರಿನವರು ಇದ್ದದ್ದರಿಂದಲೇ ಅರ್ಜೆಂಟೀನಾದವರ ಬಾಯಲ್ಲಿ ಅದು ಮಾಲ್ವಿನಾಸ್. ಅದರ ಹಿಂದೆಯೇ ಬ್ರಿಟಿಷರು ಬಂದರು, ಆಮೇಲೆ ಸ್ಪೇನ್. ಸ್ಪೇನಿನ ಹಕ್ಕು ತನಗೆ ವಾರಸಾಗಿ ಬಂದಿದೆ ಎಂದು ಅರ್ಜೆಂಟೀನಾ ಹೇಳುತ್ತದೆ. 1833ರಿಂದ ಸ್ವಾಧೀನ ತನ್ನದು ಎಂದು ಬ್ರಿಟನ್. 2013ರ ಜನಮತಗಣನೆಯಲ್ಲಿ 1,513 ಜನ ಬ್ರಿಟನ್ನಿನ ಜೊತೆಗೇ ಇರುತ್ತೇವೆ ಎಂದರು, ಬೇಡ ಎಂದವರು ಮೂವರು. ಅರ್ಜೆಂಟೀನಾ ಅದನ್ನು ಒಪ್ಪಲಿಲ್ಲ. ಉತಾರದಲ್ಲಿ ಒಬ್ಬನ ಹೆಸರು, ಉಳುಮೆ ಇನ್ನೊಬ್ಬನದು ಆದರೆ ಏನಾಗುತ್ತದೆಂದು ನಮ್ಮ ತಹಶೀಲ್ದಾರ್ ಕಚೇರಿಗಳಿಗೆ ಹೊಸದಾಗಿ ಹೇಳಬೇಕಿಲ್ಲ.

1982ರ ಏಪ್ರಿಲ್ 2ರಂದು ಅರ್ಜೆಂಟೀನಾ ದ್ವೀಪಗಳನ್ನು ಹಿಡಿಯಿತು. ಜೂನ್ 14ಕ್ಕೆ ಅಲ್ಲಿನ ಅದರ ಸೇನೆ ಶರಣಾಯಿತು. ಅರ್ಜೆಂಟೀನಾದ ಕಡೆ 649, ಬ್ರಿಟನ್ ಕಡೆ 255 ಯೋಧರು ಸತ್ತರು. ದ್ವೀಪವಾಸಿ ಹೆಣ್ಣುಮಕ್ಕಳು ಮೂವರು. ಮನೆ ಬಾಗಿಲಲ್ಲೇ ಇದ್ದವರು ಸೋತು, 12,000 ಕಿ.ಮೀ. ದಾಟಿ ಬಂದವರು ಗೆದ್ದದ್ದು ಹೇಗೆ? ಇದಕ್ಕೆ ಕಾರಣ ಹಲವಿವೆ. ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಯಾದದ್ದು ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿ ಪಟ್ಟಣದ ರನ್‌ವೇ.

ಆ ರನ್‌ವೇ 4,100 ಅಡಿ, ಅಂದರೆ ಸುಮಾರು 1,250 ಮೀಟರ್. ಹರ್ಕ್ಯುಲಿಸ್ ಸರಕು ವಿಮಾನಕ್ಕೆ ಸಾಕು. ಪೂರ್ತಿ ಇಂಧನ ತುಂಬಿ ಬಾಂಬು ಹೊತ್ತ ಮಿರಾಜ್, ಸ್ಕೈಹಾಕ್ ಯುದ್ಧವಿಮಾನಗಳಿಗೆ ಸಾಲದು. ಬ್ರಿಟಿಷರ ನೌಕೆಗಳು ಬಂದು ಮುಟ್ಟಲು ಸುಮಾರು ನಾಲ್ಕು ವಾರ ಹಿಡಿಯಿತು. ಆ ನಾಲ್ಕು ವಾರದಲ್ಲಿ ಅರ್ಜೆಂಟೀನಾ ಸಾವಿರಾರು ಸೈನಿಕರನ್ನು ಇಳಿಸಿತು, ರನ್‌ವೇಯನ್ನು ಮಾತ್ರ ಜೆಟ್‌ಗಳಿಗೆ ಸಾಲುವಷ್ಟು ಉದ್ದ ಮಾಡಲಿಲ್ಲ. ಏಪ್ರಿಲ್ 12ರಿಂದ ಬ್ರಿಟನ್ ದ್ವೀಪದ ಸುತ್ತ 200 ನಾಟಿಕಲ್ ಮೈಲಿಯ ನಿಷೇಧ ವಲಯ ಸಾರಿತ್ತು. ಜಲಾಂತರ್ಗಾಮಿಗಳ ಭಯದಲ್ಲಿ ರೋಲರು, ಬುಲ್ಡೋಜರು ಹೇರಿಕೊಂಡ ಹಡಗು ಕಳಿಸುವುದು ಸುಲಭವಿರಲಿಲ್ಲ. ಮೊದಲ ವಾರದಲ್ಲಿ ಆಳುಗಳ ಬದಲು ಯಂತ್ರ ಸಾಗಿಸಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಇದರ ಫಲವಾಗಿ ಅರ್ಜೆಂಟೀನಾದ ಜೆಟ್‌ಗಳು ರಿಯೊ ಗ್ಯಾಲೆಗೋಸ್, ರಿಯೊ ಗ್ರಾಂಡೆಗಳಿಂದ, ಅಂದರೆ ಸುಮಾರು 700-800 ಕಿ.ಮೀ. ದೂರದ ಮುಖ್ಯಭೂಮಿಯಿಂದ ಹಾರಬೇಕಾಯಿತು. ಗಾಳಿಯಲ್ಲೇ ಇಂಧನ ತುಂಬಲು ಇದ್ದದ್ದು ಎರಡೇ ಟ್ಯಾಂಕರ್ ವಿಮಾನ. ಮಿರಾಜ್, ಡ್ಯಾಗರ್‌ಗಳಿಗಂತೂ ಹಾಗೆ ತುಂಬಿಕೊಳ್ಳುವ ನಳಿಗೆಯೇ ಇರಲಿಲ್ಲ. ದ್ವೀಪದ ಮೇಲೆ ಕೆಲವೇ ನಿಮಿಷ, ಮರಳುವ ದಾರಿಗೆ ಲೆಕ್ಕ ಹಾಕಿದಷ್ಟೇ ಇಂಧನ. ಗುರಿ ತಪ್ಪಿದರೆ ಸುತ್ತಿ ಬಂದು ಇನ್ನೊಮ್ಮೆ ನೋಡೋಣ ಎನ್ನುವಂತಿಲ್ಲ.

ಅದರ ಬೆಲೆ ಬಾಂಬಿನ ಫ್ಯೂಸಿನಲ್ಲಿ ಕಾಣಿಸಿತು. ಇಂಥ ಬಾಂಬಿಗೆ ಒಂದು ಪುಟ್ಟ ಫ್ಯಾನ್ ಇರುತ್ತದೆ. ವಿಮಾನದಿಂದ ಕಳಚಿ ಬೀಳುವಾಗ ಗಾಳಿಗೆ ಅದು ಗೊತ್ತುಮಾಡಿದಷ್ಟು ಸುತ್ತು ತಿರುಗಬೇಕು, ಆಗಲೇ ಫ್ಯೂಸ್ ಸಜ್ಜಾಗುವುದು. ಬಾಂಬು ತನ್ನದೇ ವಿಮಾನದ ಕೆಳಗೆ ಸಿಡಿಯಬಾರದೆಂದು ಈ ಏರ್ಪಾಡು. ಬ್ರಿಟಿಷ್ ಕ್ಷಿಪಣಿಗಳಿಂದ ತಪ್ಪಿಸಿಕೊಳ್ಳಲು ಪೈಲಟ್‌ಗಳು ಅಲೆ ಮುಟ್ಟುವಷ್ಟು ಕೆಳಗೆ ಬಂದು ಬಾಂಬು ಬಿಟ್ಟರು. ಫ್ಯಾನ್ ಸುತ್ತು ಮುಗಿಸುವಷ್ಟರಲ್ಲಿ ಬಾಂಬು ಹಡಗಿನ ತಗಡು ಸೀಳಿ ಒಳಹೊಕ್ಕು ಸುಮ್ಮನೆ ಕೂತಿತ್ತು. ಗ್ಲಾಸ್ಗೋ, ಆಂಟ್ರಿಮ್, ಆರ್ಗೊನಾಟ್, ಪ್ಲಿಮತ್ ಹಡಗುಗಳು ಹೀಗೆ ಸಿಡಿಯದ ಬಾಂಬು ತಿಂದೂ ಉಳಿದುಕೊಂಡವು. ಆಂಟೆಲೋಪ್ ಮಾತ್ರ, ಬಾಂಬು ನಿಷ್ಕ್ರಿಯಗೊಳಿಸಲು ಹೋದಾಗ ಅದು ಸಿಡಿದು ಮುಳುಗಿತು. ಸ್ಟ್ಯಾನ್ಲಿಯಲ್ಲೇ ಜೆಟ್‌ಗಳು ಇದ್ದಿದ್ದರೆ ದಿನಕ್ಕೆ ಮೂರು-ನಾಲ್ಕು ಸಲ ಹಾರಬಹುದಿತ್ತು, ಎತ್ತರ ಆರಿಸಿಕೊಳ್ಳಬಹುದಿತ್ತು. ಪೈಲಟ್‌ಗಳ ಧೈರ್ಯಕ್ಕೆ ಹೆಸರಿಡುವವರು ಬ್ರಿಟನ್ನಿನಲ್ಲೂ ಇಲ್ಲ.

ಬ್ರಿಟನ್ನಿಗೂ ದೂರದ ಕಾಟ ತಪ್ಪಿರಲಿಲ್ಲ. ಅದಕ್ಕೆ ನಡುದಾರಿಯಲ್ಲಿ ಆಸೆನ್ಶನ್ ದ್ವೀಪ ಸಿಕ್ಕಿತು. ಅಲ್ಲಿ ಅಮೆರಿಕದವರು ನಡೆಸುವ ಉದ್ದನೆಯ ರನ್‌ವೇ ಇತ್ತು. ಆದರೂ ಅಲ್ಲಿಂದ ಸ್ಟ್ಯಾನ್ಲಿಗೆ ಮತ್ತೆ 6,000 ಕಿ.ಮೀ. ಮೀರಿದ ಹಾದಿ. ಮೇ 1ರ ನಸುಕಿನಲ್ಲಿ ಒಂದೇ ಒಂದು ವಲ್ಕನ್ ಬಾಂಬರ್ ಸ್ಟ್ಯಾನ್ಲಿ ಮುಟ್ಟಲು 11 ವಿಕ್ಟರ್ ಟ್ಯಾಂಕರ್ ವಿಮಾನ ಬೇಕಾದವು. ಟ್ಯಾಂಕರಿಗೆ ಟ್ಯಾಂಕರು ಇಂಧನ ಕೊಟ್ಟು, ಕೊಟ್ಟದ್ದು ಹಿಂದಕ್ಕೆ ತಿರುಗಿ, ಹೀಗೆ ಸರಪಳಿಯಂತೆ. ಹೋಗಿಬರಲು ಸುಮಾರು 16 ತಾಸು. ಹಾಕಿದ 21 ಬಾಂಬುಗಳಲ್ಲಿ ರನ್‌ವೇ ಮೇಲೆ ಬಿದ್ದದ್ದು ಒಂದು. ಆ ಗುಂಡಿ ಮುಚ್ಚಿದ ಅರ್ಜೆಂಟೀನಾದವರು ಹಗಲು ರನ್‌ವೇ ಮೇಲೆ ಮಣ್ಣಿನ ಗುಡ್ಡೆ ಹಾಕಿ ಗುಂಡಿ ಬಿದ್ದಂತೆ ತೋರಿಸುತ್ತಿದ್ದರು. ರಾತ್ರಿ ಅದನ್ನು ಎಳೆದುಹಾಕಿ ಹರ್ಕ್ಯುಲಿಸ್ ಇಳಿಸುತ್ತಿದ್ದರು. ಯುದ್ಧ ಮುಗಿಯುವವರೆಗೂ ಅದು ನಡೆಯಿತು. ಬಾಂಬು ಹಾಕಿ ರನ್‌ವೇ ಕೆಡಿಸಿಬಿಡಬಹುದು ಎನ್ನುವವರು ಇದನ್ನು ನೆನಪಿಡಬೇಕು.

ಸರಕಿನ ವಿಷಯ ಇನ್ನೂ ಹೇಳುವಂಥದ್ದು. ಏಪ್ರಿಲ್ 5ರಂದು ಅವಸರದಲ್ಲಿ ಹೊರಟ ಹಡಗುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕಡೆ ತುಂಬಿದ್ದರು. ದಂಡೆಗೆ ಇಳಿದು ಹೊಡೆದಾಡುವ ಪಡೆಗೆ ಮೊದಲು ಬೇಕಾದದ್ದು ಹಡಗಿನಲ್ಲಿ ಎಲ್ಲಕ್ಕಿಂತ ಮೇಲಿರಬೇಕು, ಅಂದರೆ ಕೊನೆಗೆ ಹೇರಬೇಕು. ಆಗಿದ್ದು ತದ್ವಿರುದ್ಧ. ಆಸೆನ್ಶನ್ ಬಳಿ ಲಂಗರು ಹಾಕಿ ಹೆಲಿಕಾಪ್ಟರಿನಲ್ಲಿ ಹಡಗಿನಿಂದ ಹಡಗಿಗೆ ಪೆಟ್ಟಿಗೆ ಎತ್ತಿಡಬೇಕಾಯಿತು. ಅಮರಗೋಳ ಎಪಿಎಂಸಿಯ ಹಮಾಲರು ಹೇಳದೆಯೇ ಮಾಡುವ ಕೆಲಸ ಇದು: ಮೊದಲು ಇಳಿಸುವ ಊರಿನ ಚೀಲ ಲಾರಿಯ ಹಿಂಬಾಗಿಲ ಹತ್ತಿರ.

ಮೇ 25ರಂದು ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿಗೆ ಎಕ್ಸೋಸೆಟ್ ಕ್ಷಿಪಣಿ ಬಡಿಯಿತು. 12 ಜನ ಸತ್ತರು. ಮೂರು ಶಿನೂಕ್ ಹೆಲಿಕಾಪ್ಟರ್, ಸಾವಿರಾರು ಜನಕ್ಕಾಗುವ ಡೇರೆ, ತಾತ್ಕಾಲಿಕ ರನ್‌ವೇ ಹಾಸಲು ಒಯ್ದಿದ್ದ ಲೋಹದ ಹಲಗೆಗಳೆಲ್ಲ ಹೋದವು. ಆ ಹೊತ್ತಿಗೆ ಹಾರಾಟದಲ್ಲಿದ್ದ ಒಂದು ಶಿನೂಕ್ ಮಾತ್ರ ಉಳಿಯಿತು. ಹೆಲಿಕಾಪ್ಟರಿನಲ್ಲಿ ಹೋಗಬೇಕಿದ್ದ ಬ್ರಿಟಿಷ್ ಸೈನಿಕರು, ತಾವು ದಂಡೆಗೆ ಇಳಿದಿದ್ದ ಸಾನ್ ಕಾರ್ಲೋಸ್‌ನಿಂದ ಸ್ಟ್ಯಾನ್ಲಿಯ ಕಡೆಗೆ ಬೆನ್ನ ಮೇಲೆ 35 ಕಿಲೋ ದಾಟಿದ ಹೊರೆ ಹೊತ್ತು ಸುಮಾರು 90 ಕಿ.ಮೀ. ನಡೆದರು. ನೆಲ ಪೀಟ್, ಕೊಳೆತ ಹುಲ್ಲು-ಪಾಚಿಯ ಮೆತ್ತನೆ ಕೆಸರು. ಮಳೆಗಾಲದಲ್ಲಿ ನವಲಗುಂದದ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿ ಒದ್ದಾಡಿದವರಿಗೆ ಅಂದಾಜು ಸಿಗುತ್ತದೆ. ಎರಿ ಬೇಸಿಗೆಗೆ ಒಣಗಿ ಬಿರಿಯುತ್ತದೆ. ಆ ಪೀಟ್ ಯುದ್ಧದುದ್ದಕ್ಕೂ ನೆನೆದೇ ಇತ್ತು. ಮೊಣಕಾಲುದ್ದ ಅಗೆದರೆ ಕಂದಕದಲ್ಲಿ ನೀರು, ಹಾಗಾಗಿ ಕಲ್ಲು ಪೇರಿಸಿ ಮರೆ ಕಟ್ಟಿಕೊಂಡರು. ಬೂಟು ಒಣಗದೆ ಪಾದ ಕೊಳೆತು ಸಾಲಿನಿಂದ ಹೊರಬಿದ್ದವರು ಎರಡೂ ಕಡೆ ಇದ್ದರು. ಮೆತ್ತನೆ ನೆಲದಿಂದ ಒಂದೇ ಉಪಕಾರವಾಯಿತು: ಫಿರಂಗಿ ಗುಂಡು ಆಳಕ್ಕೆ ಹೂತು ಸಿಡಿದದ್ದರಿಂದ ಚೂರುಗಳು ಅಷ್ಟಾಗಿ ಹಾರಲಿಲ್ಲ.

ಅರ್ಜೆಂಟೀನಾದ ಸೈನಿಕರು ಗುಡ್ಡದ ಮೇಲೆ ಹಸಿದಿದ್ದರು. ಕೆಳಗೆ ಸ್ಟ್ಯಾನ್ಲಿಯ ಗೋದಾಮುಗಳಲ್ಲಿ ಆಹಾರ ಇತ್ತು. ನಡುವಿನ ಕೆಲವೇ ಕಿ.ಮೀ. ಕೆಸರಿನಲ್ಲಿ ಅದನ್ನು ಮೇಲಕ್ಕೆ ಮುಟ್ಟಿಸುವಷ್ಟು ವಾಹನವಾಗಲಿ ಹೆಲಿಕಾಪ್ಟರಾಗಲಿ ಉಳಿದಿರಲಿಲ್ಲ. ದ್ವೀಪಕ್ಕೆ ಸಾಮಾನು ಮುಟ್ಟಿದರೆ ಸೈನಿಕನಿಗೆ ಮುಟ್ಟಿದಂತಲ್ಲ.

ಗೆದ್ದ ಬ್ರಿಟನ್ ಮೊದಲು ಮಾಡಿದ್ದೇನು? ಸ್ಟ್ಯಾನ್ಲಿ ರನ್‌ವೇಗೆ ಅಲ್ಯೂಮಿನಿಯಂ ಹಲಗೆ ಜೋಡಿಸಿ 6,100 ಅಡಿಗೆ ಉದ್ದ ಮಾಡಿ, ಅದೇ ಅಕ್ಟೋಬರ್‌ನಲ್ಲಿ ಫ್ಯಾಂಟಮ್ ಜೆಟ್ ಇಳಿಸಿತು. 1985ರಲ್ಲಿ ಮೌಂಟ್ ಪ್ಲೆಸೆಂಟ್‌ನಲ್ಲಿ ಸುಮಾರು 2,590 ಮೀಟರ್‌ನ ಹೊಸ ರನ್‌ವೇ ತೆರೆಯಿತು. ಈಗ ಅಲ್ಲಿ ಕಾಯಂ ಆಗಿ ಇರುವ ಟೈಫೂನ್ ಯುದ್ಧವಿಮಾನಗಳು ನಾಲ್ಕೇ. ಆ ನಾಲ್ಕರ ಕೆಲಸ ಯುದ್ಧ ಗೆಲ್ಲುವುದಲ್ಲ, ಬ್ರಿಟನ್ನಿನಿಂದ ದೊಡ್ಡ ವಿಮಾನಗಳಲ್ಲಿ ಪಡೆ ಬಂದು ಇಳಿಯುವವರೆಗೆ ರನ್‌ವೇ ಕೈತಪ್ಪದಂತೆ ನೋಡಿಕೊಳ್ಳುವುದು. ಜೊತೆಗೆ ಗುಡ್ಡಗಳ ಮೇಲೆ ರೇಡಾರ್, ವಿಮಾನ ಹೊಡೆಯುವ ಕ್ಷಿಪಣಿ, ಒಂದು ಗಸ್ತು ಹಡಗು. ಅಂದಹಾಗೆ 1982ರಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಮುನ್ನಡೆಸಿದ ವಿಮಾನವಾಹಕ ಹರ್ಮಿಸ್ ಬೇರೆ ಯಾವುದೂ ಅಲ್ಲ, 1987ರಲ್ಲಿ ನಮ್ಮಲ್ಲಿಗೆ ಬಂದು 2017ರವರೆಗೆ ದುಡಿದ ವಿರಾಟ್.

ಈಗ ನಮ್ಮ ಕಡೆಗೆ ಬರೋಣ. ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇಯಲ್ಲಿ 2012ರಲ್ಲಿ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ಬಾಜ್ ಶುರುವಾದಾಗ ಅಲ್ಲಿನ ರನ್‌ವೇ ಸುಮಾರು 3,500 ಅಡಿ. ಸೋತವರ ಸ್ಟ್ಯಾನ್ಲಿಗಿಂತಲೂ 600 ಅಡಿ ಕಡಿಮೆ. ಡಾರ್ನಿಯರ್ ಗಸ್ತು ವಿಮಾನಕ್ಕೆ ಅಷ್ಟು ಸಾಕು, ಬಾಂಬು ಹೊತ್ತ ಜೆಟ್‌ಗೆ ಸಾಲದು. ಉದ್ದ ಹೆಚ್ಚಿಸುವ ಯೋಜನೆ ಇದೆ, ಆಗಲಿ. ಆದರೆ ಅದಕ್ಕೆ ಬೇಕಾದ ಸಿಮೆಂಟು, ಡಾಂಬರು, ಯಂತ್ರ ಎಲ್ಲವೂ ಮುಖ್ಯಭೂಮಿಯಿಂದ ಸಾವಿರ ಕಿ.ಮೀ.ಗೂ ಮಿಕ್ಕ ಸಮುದ್ರ ದಾಟಿಯೇ ಬರಬೇಕು. ಭೂಮಿಯೂ ಅಲ್ಲಿ ನಂಬಿಕಸ್ಥನಲ್ಲ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಆ ದ್ವೀಪದ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರ್‌ಗೂ ಹೆಚ್ಚು ಕುಸಿಯಿತು, ದೀಪಸ್ತಂಭದ ಬುಡ ನೀರಿಗಿಳಿಯಿತು. ಅದೇ ದಿನ ಕಾರ್ ನಿಕೋಬಾರಿನ ವಾಯುನೆಲೆಯಲ್ಲಿ ಸಿಬ್ಬಂದಿ ಮತ್ತು ಕುಟುಂಬದವರು ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು.

ಲಕ್ಷದ್ವೀಪದ ಮಿನಿಕಾಯ್‌ನಲ್ಲಿ 2024ರ ಮಾರ್ಚ್‌ನಲ್ಲಿ ಐಎನ್‌ಎಸ್ ಜಟಾಯು ಎಂಬ ನೌಕಾನೆಲೆ ಶುರುವಾಗಿದೆ. ಲಕ್ಷದ್ವೀಪದ ಹವಳದ ದ್ವೀಪಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಮೋಟಾರು ಹಚ್ಚಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬಂದು ಬಾವಿ ಕೆಡುತ್ತದೆ. ಒಬ್ಬನಿಗೆ ದಿನಕ್ಕೆ 40 ಲೀಟರ್ ಹಿಡಿದರೂ 500 ಜನರ ತುಕಡಿಗೆ 20,000 ಲೀಟರ್. ಲಕ್ಷದ್ವೀಪದ ರಾಜಧಾನಿ ಕವರಟ್ಟಿಯಲ್ಲಿ 2005ರಲ್ಲಿ ಕೂರಿಸಿದ ಸಮುದ್ರನೀರು ಸಿಹಿ ಮಾಡುವ ಘಟಕದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಅಂದರೆ ಅಂಥ ಒಂದು ಘಟಕದ ಐದನೇ ಒಂದು ಪಾಲು ಬರೀ ಆ ತುಕಡಿಗೆ, ಊರಿನವರ ಪಾಲು ಬೇರೆ. ಘಟಕ ನಡೆಯಲು ಕರೆಂಟು, ಕರೆಂಟಿಗೆ ಡೀಸೆಲ್, ಡೀಸೆಲ್ಲಿಗೆ ಹಡಗು. ಎಂಟು ದಿನಕ್ಕೊಮ್ಮೆ ನಳ ಬಿಡುವುದನ್ನು ಕಂಡ ಹುಬ್ಬಳ್ಳಿ, ಗದಗದವರಿಗೆ ಈ ಸರಪಳಿಯ ಯಾವ ಕೊಂಡಿ ಮೊದಲು ಕಳಚುತ್ತದೆಂದು ಊಹಿಸುವುದು ಕಷ್ಟವೇನಲ್ಲ.

ಆದ್ದರಿಂದ ಪತ್ರಿಕೆಗೆ ಒಂದು ವಿನಂತಿ. ದ್ವೀಪಗಳ ರಕ್ಷಣೆಯ ಸುದ್ದಿ ಬರೆಯುವಾಗ ಎಷ್ಟು ವಿಮಾನ, ಎಷ್ಟು ಕೋಟಿ ಎಂಬುದರ ಜೊತೆಗೆ ರನ್‌ವೇ ಎಷ್ಟು ಮೀಟರ್, ಇಂಧನದ ಟ್ಯಾಂಕು ಎಷ್ಟು ದಿನಕ್ಕೆ ಸಾಕು, ಸಿಹಿನೀರು ಎಷ್ಟು ಲೀಟರ್, ಜೆಟ್ಟಿಗೆ ಎಷ್ಟು ದೊಡ್ಡ ಹಡಗು ಹತ್ತುತ್ತದೆ ಎಂಬುದನ್ನೂ ಬಾತ್ಮೀದಾರರಿಂದ ಕೇಳಿಸಿ ಅಚ್ಚು ಹಾಕಿ. ಗುಟ್ಟಿನ ಅಂಕಿಗಳು ಬೇಡ, ಸರಕಾರವೇ ಸಂಸತ್ತಿನಲ್ಲಿ ಹೇಳಿದ್ದು, ಟೆಂಡರಿನಲ್ಲಿ ಪ್ರಕಟಿಸಿದ್ದು ಸಾಕು. ಕ್ಯಾಂಪ್‌ಬೆಲ್ ಬೇ ಜೆಟ್ಟಿಯ ಪಕ್ಕ ನೀರಿನ ಆಳ ಎಷ್ಟು ಎಂಬಲ್ಲಿಂದ ಶುರುಮಾಡಬಹುದು.

— ಸೇನೆಯ ಸರಬರಾಜು ವಿಭಾಗದಲ್ಲಿ ದುಡಿದ ಕೆಲವು ನಿವೃತ್ತರು, ಗದಗ-ಬೆಟಗೇರಿ