ಅರವತ್ತನಾಲ್ಕು ಚೀಟಿಗಳ ಋಣ

ಕಳೆದ ಭಾನುವಾರ ರಾತ್ರಿ ಫೈನಲ್ ಮುಗಿಯಿತು. ಹೊಸ ಮಾದರಿಯ ಮೊದಲ ಋತು ಅಂತೂ ದಡ ಸೇರಿತು. ಯಾರು ಗೆದ್ದರು, ಕೊನೆಯ ಓವರಿನಲ್ಲಿ ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ಮೂರು ದಿನದಿಂದ ಅದರದ್ದೇ ಜಗಳ ನಡೆದಿದೆ. ನಾನು ಬರೆಯಲು ಕುಳಿತದ್ದು ಸಾಲದ ಲೆಕ್ಕಕ್ಕೆ. ಅಸಲು ತೀರುವಂಥದ್ದಲ್ಲ, ಬಡ್ಡಿಯನ್ನಾದರೂ ಕಟ್ಟೋಣವೆಂದು.

ಹೊಸಬರಿಗೆ ಎರಡು ಮಾತು. ನಮ್ಮದು ಕ್ರಿಕೆಟ್ ತಂಡ ನಡೆಸುವ ಆಟ. ಆಡುವುದು ಕಂಪ್ಯೂಟರ್, ಬೇಯುವುದು ನಾವು. ಹಳೆಯ ಕಪ್ ನೇರ ನಾಕೌಟ್ ಆಗಿತ್ತು: 64 ತಂಡ, 63 ಪಂದ್ಯ, ಮೊದಲ ಸಂಜೆಯೇ 32 ಜನ ಮನೆಗೆ. ಎರಡು ತಿಂಗಳು ಬೌಲರುಗಳನ್ನು ತಿದ್ದಿ ತೀಡಿ ತಂದವನ ಕಥೆ ಒಂದೇ ಸಂಜೆಯಲ್ಲಿ ಮುಗಿದರೆ ಅವನು ಮರುದಿನ ಯಾಕೆ ಬರಬೇಕು? ಬರುತ್ತಿರಲಿಲ್ಲ. ಎಲ್ಲರೂ ಎಲ್ಲರೊಡನೆ ಆಡಲಿ ಎಂದರೆ 2016 ಪಂದ್ಯ. ವಾರಕ್ಕೊಂದು ಸುತ್ತು ಹಿಡಿದರೆ ವರ್ಷ ದಾಟಿದರೂ ಮುಗಿಯದು. ಕೊನೆಗೆ ಚೆಸ್ಸಿನವರ ಮನೆಯಿಂದ ಸ್ವಿಸ್ ಪದ್ಧತಿಯನ್ನು ಎರವಲು ತಂದೆವು. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದು ಅದು. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಎದುರಾಳಿಗಳು. ಒಮ್ಮೆ ಆಡಿದವರೊಡನೆ ಮತ್ತೆ ಆಡುವಂತಿಲ್ಲ. ಯಾರೂ ನಡುವೆ ಹೊರಬೀಳುವುದಿಲ್ಲ. 6 ಸುತ್ತು, 192 ಪಂದ್ಯ, ಆಮೇಲೆ ಮೇಲಿನ 8 ತಂಡಗಳಿಗೆ ನಾಕೌಟ್.

ನಿಯಮಗಳನ್ನು ನಾಲ್ಕು ಸಲ ತಿದ್ದಿದ ಗೆಳೆಯರಿಗೆ, ಪರೀಕ್ಷೆಗೆಂದು ಸುಳ್ಳು ತಂಡಗಳನ್ನು ಕಟ್ಟಿ ಸುಳ್ಳು ಪಂದ್ಯ ಆಡಿದವರಿಗೆ, ಸರ್ವರ್ ಬಾಡಿಗೆಗೆ ಕೇಳದೆ ಹಣ ಕಳಿಸಿದವರಿಗೆ, ಮತ್ತು ಬೈದರೂ ಬಿಟ್ಟು ಹೋಗದವರಿಗೆ ನಮಸ್ಕಾರ. ಇನ್ನು ಉಳಿದದ್ದೆಲ್ಲ ಮೇಷ್ಟ್ರಿಗೆ.

ಮೇಷ್ಟ್ರು ದಾವಣಗೆರೆಯವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ತಂಡ ಮೊದಲಿನಿಂದಲೂ ತಳದಲ್ಲಿಯೇ ಇದೆ, ಏಕೆಂದರೆ ಅವರು ಆಟಗಾರರನ್ನು ಮಾರುವುದಿಲ್ಲ. ‘ವಯಸ್ಸಾಯಿತೆಂದು ಮಾರುವುದೇ?’ ಎನ್ನುತ್ತಾರೆ. ಕಂಪ್ಯೂಟರಿನೊಳಗಿನ ಆಟಗಾರನ ಬಗ್ಗೆ!

ಕರಡು ನಿಯಮ ಓದಿ ಮೊದಲು ಫೋನ್ ಮಾಡಿದವರು ಅವರೇ. ‘6 ಸುತ್ತು ಮುಗಿದಾಗ ಆರೂ ಗೆದ್ದ ತಂಡ 1, ಐದು ಗೆದ್ದವು 6. ಅಲ್ಲಿಗೆ ಏಳಾಯಿತು. ಎಂಟನೆಯ ಜಾಗಕ್ಕೆ ನಾಲ್ಕು ಗೆದ್ದ 15 ತಂಡ ಬಾಗಿಲಲ್ಲಿ ನಿಂತಿರುತ್ತವೆ. ಯಾರನ್ನು ಒಳಗೆ ಬಿಡುತ್ತೀಯ?’ ನೆಟ್ ರನ್‌ರೇಟ್ ಎಂದೆ. ಹಾಗಾದರೆ ಸುಲಭದ ಎದುರಾಳಿ ಸಿಕ್ಕವನಿಗೇ ಲಾಭ ಎಂದರು. ಬುಕೋಲ್ಟ್ಸ್ ಲೆಕ್ಕವನ್ನು ಕಲಿಸಿದ್ದು ಅವರು: ನೀನು ಯಾರೊಡನೆ ಆಡಿದೆಯೋ ಅವರ ಗೆಲುವುಗಳನ್ನೆಲ್ಲ ಕೂಡು, ಗಟ್ಟಿಯವರೊಡನೆ ಆಡಿದವನು ಮೇಲೆ. ಮೊದಲ ಪಂದ್ಯವನ್ನು ಬೇಕೆಂದೇ ಸೋತು ಕೆಳಗಿನ ಸುಲಭದ ದಾರಿ ಹಿಡಿಯುವವನಿಗೂ ಇದರಿಂದ ಪೆಟ್ಟು. 2012ರ ಲಂಡನ್ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್‌ನಲ್ಲಿ ಗುಂಪಿನ ಪಂದ್ಯಗಳನ್ನು ಗೆಲ್ಲಲು ಮನಸ್ಸು ಮಾಡದ ನಾಲ್ಕು ಜೋಡಿಗಳನ್ನು ಹೊರಹಾಕಿದ್ದರಲ್ಲ, ಅದನ್ನು ನೆನಪಿಸಿ, ‘ಆಡಿದವರದ್ದು ತಪ್ಪೇ. ಆದರೆ ಸೋತರೆ ಲಾಭ ಎನ್ನುವಂಥ ಸಂದು ಬಿಟ್ಟವನದ್ದೂ ತಪ್ಪು’ ಎಂದರು.

ಆರನೆಯ ಸುತ್ತಿನ ಹಿಂದಿನ ರಾತ್ರಿಯ ಗಲಾಟೆ ನೀವೇ ಕಂಡದ್ದು. ನಡುವಿನ ಗುಂಪಿನಿಂದ ಒಂದು ತಂಡ ಸಿಟ್ಟಿಗೆದ್ದು ಹೊರನಡೆಯಿತು, 63 ಉಳಿದವು, ಬೆಸ ಸಂಖ್ಯೆ. ಜೋಡಿ ಕಟ್ಟುವ ಪ್ರೋಗ್ರಾಮ್ ಬರೆದವನು ನಾನು. ಅದು ಮೇಲಿನಿಂದ ಒಂದೊಂದೇ ಜೋಡಿ ಕಟ್ಟುತ್ತ ಇಳಿಯುತ್ತಿತ್ತು. ಕಟ್ಟಿದ್ದನ್ನು ಬಿಚ್ಚುವ ಬುದ್ಧಿಯನ್ನು ನಾನು ಅದಕ್ಕೆ ಕೊಟ್ಟಿರಲಿಲ್ಲ. ಐದು ಸುತ್ತು ಅದೃಷ್ಟ ಕಾಯ್ದಿತ್ತು. ಆ ರಾತ್ರಿ ಹಿಂದೆ ಆಡಿದವರನ್ನೇ ಮತ್ತೆ ಎದುರುಬದುರು ನಿಲ್ಲಿಸಿ ಪಟ್ಟಿ ಹೊರಗೆ ಬಂತು. ಬೆಳಿಗ್ಗೆ ಆರಕ್ಕೆ ಸರಿಯಾದ ಪಟ್ಟಿ ಕೊಡಬೇಕಿತ್ತು.

ರಾತ್ರಿ ಒಂದು ಗಂಟೆಗೆ ‘ಋತು ರದ್ದು, ಕ್ಷಮಿಸಿ’ ಎಂದು ಬರೆದಿಟ್ಟಿದ್ದೆ. ಅಷ್ಟು ಹೊತ್ತಿಗೆ ಬಂದ ಬೈಗುಳಗಳನ್ನೆಲ್ಲ ಒಂದೂ ಬಿಡದೆ ಓದಿದ್ದೆ, ಓದಬಾರದಿತ್ತು. ಮಕ್ಕಳು ಏಳಬಾರದೆಂದು ಅಡುಗೆಮನೆಯಲ್ಲಿ ಕುಳಿತು ಅತ್ತೆ. ನಲವತ್ತು ದಾಟಿದ ಗಂಡಸು, ಯಾರೂ ಬ್ಯಾಟ್ ಮುಟ್ಟದ ಆಟವೊಂದಕ್ಕೆ. ಆಗ ಮೇಷ್ಟ್ರ ಫೋನ್. ‘ಕಳಿಸಬೇಡ. ಮೊದಲ ಸುತ್ತಿನಿಂದ ಓದು.’

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ 64 ಚೀಟಿ ಮಾಡಿಕೊಂಡಿದ್ದರು. ಒಂದೊಂದರ ಮೇಲೂ ತಂಡದ ಸಂಖ್ಯೆ, ಹಿಂದೆ ಆಡಿದವರ ಸಂಖ್ಯೆ. ನೆಲದ ಮೇಲೆ ಗೆಲುವಿನ ಲೆಕ್ಕದಂತೆ ಸಾಲಾಗಿ ಹರಡಿದರು. ಚೀಟಿ ಹಾರುತ್ತವೆಂದು ಆ ಸೆಕೆಯಲ್ಲೂ ಫ್ಯಾನ್ ಆರಿಸಿದರು. ನನ್ನ ಪಟ್ಟಿಯನ್ನು ನಂಬದೆ ಆಡಿ ಮುಗಿದ 160 ಪಂದ್ಯಗಳನ್ನೂ ಒಂದೊಂದಾಗಿ ಓದಿಸಿದರು. ಎರಡು ಕಡೆ ನಾನು ಗೆದ್ದವರ ಹೆಸರು ತಪ್ಪಾಗಿ ಓದಿದಾಗ ತಿದ್ದಿದರು. ಆಮೇಲೆ ಜೋಡಿ. ಕೊನೆಗೆ ಉಳಿದ ಇಬ್ಬರು ಹಿಂದೆ ಆಡಿದವರಾದರೆ, ‘ಮೇಲಿನ ಜೋಡಿ ಒಡೆ, ಅಡ್ಡ ಕಟ್ಟು. ಆಗಲಿಲ್ಲವೇ? ಅದರ ಮೇಲಿನದನ್ನು ಒಡೆ.’ ತಮ್ಮದೇ ತಂಡದ ಚೀಟಿ ಬಂದಾಗ ಮಾತ್ರ ಕೈ ಹಿಂದೆ ತೆಗೆದರು: ‘ಇದಕ್ಕೆ ನೀನೇ ಹೇಳು, ನಾನು ಮುಟ್ಟುವುದಿಲ್ಲ.’ ನಾನು ಹೇಳಿದ ಎದುರಾಳಿಗೇ ಅವರು ಸೋತರು ಎಂಬುದು ಬೇರೆ ಮಾತು.

ಮೂರು ಗಂಟೆಯ ಸುಮಾರಿಗೆ ‘ಐದು ನಿಮಿಷ ತಾಳು’ ಎಂದು ಫೋನನ್ನು ನೆಲದ ಮೇಲಿಟ್ಟರು. ಲೋಟದ ಸದ್ದು, ಮಾತ್ರೆಯ ಹಾಳೆ ಚಿಟಕ್ಕೆಂದ ಸದ್ದು. ‘ಯಾರು ಇಷ್ಟು ಹೊತ್ತಿನಲ್ಲಿ?’ ಎಂದು ಹೆಣ್ಣುದನಿ. ‘ಒಬ್ಬ ಹುಡುಗ. ಲೆಕ್ಕ ತಪ್ಪಿದೆ’ ಎಂದರು ಮೇಷ್ಟ್ರು.

ಆ ದನಿ ಮೇಷ್ಟ್ರ ಮನೆಯ ಅಮ್ಮನದು. ಅವರು ಆಸ್ಪತ್ರೆಯಿಂದ ಮನೆಗೆ ಬಂದು ಆಗಿನ್ನೂ ನಾಲ್ಕು ದಿನವಾಗಿತ್ತಂತೆ. ನನಗೆ ತಿಳಿದದ್ದು ಎರಡು ವಾರದ ನಂತರ, ಬೇರೆಯವರಿಂದ. ಮೇಷ್ಟ್ರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆ ಮಾತ್ರೆಯ ಸದ್ದು ಕೇಳಿಯೂ ‘ಯಾರಿಗೆ ಹುಷಾರಿಲ್ಲ?’ ಎಂದು ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಆ ಹೊತ್ತಿನಲ್ಲಿ ನನಗೆ ಬೇಕಿದ್ದದ್ದು 41ನೆಯ ಸಂಖ್ಯೆಯ ತಂಡಕ್ಕೆ ಒಂದು ಜೋಡಿ ಮಾತ್ರ. ಅದನ್ನು ಎಣಿಸಿದರೆ ಈಗಲೂ ಮುಖ ಎತ್ತಲಾಗುವುದಿಲ್ಲ. ಫೋನ್ ಮಾಡಿ ಹೇಳಿಕೊಂಡರೆ, ‘ಹೇಗೂ ಎಚ್ಚರವಿದ್ದೆ ಬಿಡು’ ಎಂದು ಮಾತು ತೇಲಿಸಿದರು.

ಐದೂ ಇಪ್ಪತ್ತಕ್ಕೆ ಪಟ್ಟಿ ಸಿದ್ಧವಾಯಿತು. ಒಂದೂ ಪಂದ್ಯ ಗೆಲ್ಲದ ಪುತ್ತೂರಿನ ಹುಡುಗಿಯ ತಂಡಕ್ಕೆ ಎದುರಾಳಿಯಿಲ್ಲದೆ ಬೈ ಸಿಕ್ಕಿತು. ಇದು ತನ್ನ ಮೊದಲ ಗೆಲುವೆಂದು ಅವಳು ಮನೆಯವರಿಗೆಲ್ಲ ಪಾಯಸ ಮಾಡಿದಳಂತೆ. ಮಾಡಲಿ, ಅಂಕಪಟ್ಟಿಯಲ್ಲಿ ಅದೂ ಗೆಲುವೇ.

ಅಮ್ಮ ಈಗ ಓಡಾಡುತ್ತಿದ್ದಾರೆ. ಹೋದ ವಾರ ಬೆಣ್ಣೆದೋಸೆಯ ನೆಪ ಹೇಳಿ ದಾವಣಗೆರೆಗೆ ಹೋಗಿ ನೋಡಿ ಬಂದೆ. ‘ಲೆಕ್ಕ ಸರಿಹೋಯಿತೇನಪ್ಪ?’ ಎಂದು ಕೇಳಿದರು. ಪ್ರೋಗ್ರಾಮಿಗೆ ಈಗ ಬಿಚ್ಚಿ ಕಟ್ಟುವುದನ್ನು ಕಲಿಸಿದ್ದೇನೆ. ಆದರೂ ಮೇಷ್ಟ್ರು ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟಿದ್ದಾರೆ. ಮುಂದಿನ ಸಲ ಮೊದಲು ಕೈಲೆಕ್ಕ, ಆಮೇಲೆ ನಿನ್ನ ಯಂತ್ರ ಎಂದು ತಾಕೀತು ಮಾಡಿದ್ದಾರೆ.

ಎರಡನೆಯ ಋತುವಿಗೆ ಹೆಸರು ಕೊಡುವುದು ಶುರುವಾಗಿದೆ. ಮೊದಲು ಸೇರಿದ್ದು ಮೇಷ್ಟ್ರ ತಂಡ, ಅದೇ 38 ವರ್ಷದ ಆರಂಭಿಕ ಆಟಗಾರನೊಂದಿಗೆ.