ಸ್ಪೈ ಅಕ್ಕ ಮಲ್ಪೆಗೆ ಹೋದದ್ದು ಸರಿ, ಅಜ್ಜನ ಹತ್ರ ಯಾರು ಕೂತದ್ದು?

ಸಂಪಾದಕರಿಗೆ ನಮಸ್ಕಾರ,

ನಾನು ಉಡುಪಿಯ ಒಂದು ಮನೇಲಿ ಹೋಂ ನರ್ಸ್ ಆಗಿದ್ದೇನೆ, ಊರು ಬೈಂದೂರು ಕಡೆ. ಪೇಪರಿಗೆ ಬರೆಯುವುದು ಇದೇ ಮೊದಲು, ತಪ್ಪಿದ್ರೆ ನೀವೇ ತಿದ್ದಿಕೊಳ್ಳಿ. ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ಈಗ ಒಂದು ಚಿತ್ರಕಥೆ ಬರ್ತಾ ಉಂಟಲ್ಲ, ಅಜ್ಜನನ್ನು ನೋಡಿಕೊಳ್ಳಲಿಕ್ಕೆ ಬಂದ ಹೋಂ ನರ್ಸ್ ಅಕ್ಕ ನಿಜವಾಗಿ ಒಬ್ಬಳು ಸ್ಪೈ ಅಂತ, ಅದರ ವಿಷಯ ಬರೀತಾ ಇದ್ದೇನೆ. ಈ ಮನೆಯ ಅಜ್ಜನಿಗೆ ಕಣ್ಣು ಮಂಜು, ಹಾಗಾಗಿ ಮೊಮ್ಮಗ, ಐದನೇ ಕ್ಲಾಸು, ಪ್ರತಿ ವಾರ ಹಾಸಿಗೆ ಪಕ್ಕ ಕೂತು ಜೋರಾಗಿ ಓದಿ ಹೇಳ್ತಾನೆ. ನಾನು ಗಂಜಿ ತಣಿಸ್ತಾ ಕೇಳ್ತೇನೆ. ಒಂದು ತಿಂಗಳಿಂದ ಈ ಮನೇಲಿ ನನಗೆ ಬೇರೆ ಹೆಸರಿಲ್ಲ, ಸ್ಪೈ ಅಕ್ಕ ಅಂತಲೇ. ಬಿಪಿ ಮಿಷನ್ ಒಳಗೆ ವೈರ್‌ಲೆಸ್ ಉಂಟು ಅಂತ ಹುಡುಗನಿಗೆ ಗ್ಯಾರಂಟಿ, ಮೊನ್ನೆ ಅದನ್ನು ಬಾಯಿ ಹತ್ರ ಹಿಡಿದು "ಹಲೋ ಡೆಲ್ಲಿ" ಅಂತಿದ್ದ.

ಕಳೆದ ವಾರ ಇದೇ ಜಾಗದಲ್ಲಿ ಒಬ್ಬರು ಓದುಗರು ಬರೆದಿದ್ರು, ಈ ಕಥೆ ನಿಲ್ಲಿಸಿ, ಮನೆಗೆ ಬರುವ ಕೆಲಸದವರ ಮೇಲೆ ಮಕ್ಕಳಿಗೆ ಸಂಶಯ ಬರ್ತದೆ, ಇದು ಪೂತನಿಯನ್ನು ಕರೆದು ತೊಟ್ಟಿಲ ಪಕ್ಕ ಕೂರಿಸಿದ ಹಾಗೆ ಅಂತ. ಅದನ್ನು ಓದಿ ನನಗೆ ಸ್ವಲ್ಪ ಬೇಜಾರಾಯ್ತು. ಅಲ್ಲ ಮಾರಾಯ್ರೆ, ವೇಷ ಹಾಕಿಕೊಂಡು ಮನೆ ಒಳಗೆ ಬಂದವಳು ಅಂದ್ರೆ ನಿಮಗೆ ಪೂತನಿ ಒಬ್ಬಳೇ ನೆನಪಾಗುವುದಾ? ನಾವು ಸಣ್ಣದಿರುವಾಗ ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನ ವರೆಗೆ ಯಕ್ಷಗಾನದ ಆಟ ನೋಡಿದವರು. ಕೀಚಕ ವಧೆಯಲ್ಲಿ ದ್ರೌಪದಿ ಯಾರಾಗಿ ಇರ್ತಾಳೆ? ಸೈರಂಧ್ರಿ. ವಿರಾಟನ ಅರಮನೇಲಿ ಸುದೇಷ್ಣೆಯ ತಲೆ ಬಾಚಿ, ಸೇವೆ ಮಾಡಿಕೊಂಡು, ಒಂದು ವರ್ಷ ಯಾರಿಗೂ ಗುಟ್ಟು ಬಿಟ್ಟುಕೊಡದವಳು. ಭೀಮ ಅಲ್ಲಿಯೇ ಅಡುಗೆಮನೆಯಲ್ಲಿ ವಲಲ. ಆ ಆಟ ನೋಡಿ ಬಂದು ಯಾರಾದ್ರೂ ತಮ್ಮ ಮನೆ ಅಡುಗೆಯವರ ಮೇಲೆ ಸಂಶಯ ಪಟ್ಟದ್ದುಂಟಾ? ಮಕ್ಕಳಿಗೆ ಕಥೆ ಯಾವುದು ಮನೆ ಯಾವುದು ಅಂತ ನಮಗಿಂತ ಚೆನ್ನಾಗಿ ಗೊತ್ತುಂಟು.

ಈ ಮನೆಯ ಅಜ್ಜ ಸಂಸ್ಕೃತ ಮೇಷ್ಟ್ರಾಗಿದ್ದವರು. ಬಲಗೈ ಬಲಗಾಲು ಏಳುವುದಿಲ್ಲ, ಆದ್ರೆ ತಲೆ ಈಗಲೂ ಚುರುಕು. ಕಥೆಯಲ್ಲಿ ಕಳ್ಳರು ತಾಳೆಗರಿಯ ಗ್ರಂಥ ಕದಿಯುವ ಜಾಗ ಬಂದ ಕೂಡಲೇ ಅವರಿಗೆ ಉಮೇದು ಬಂತು. ಕೌಟಿಲ್ಯನ ಅರ್ಥಶಾಸ್ತ್ರ ನಮ್ಮ ಮೈಸೂರಲ್ಲೇ ತಾಳೆಗರಿಯಲ್ಲಿ ಸಿಕ್ಕಿದ್ದು, 1905ರಲ್ಲಿ ಆರ್. ಶಾಮಶಾಸ್ತ್ರಿ ಅನ್ನುವ ವಿದ್ವಾಂಸರಿಗೆ, 1909ರಲ್ಲಿ ಪ್ರಿಂಟ್ ಆದದ್ದು ಅಂತ ಹೇಳಿ, ಅದರಲ್ಲಿ ಗೂಢಚಾರರ ಲಿಸ್ಟೇ ಉಂಟು ಅಂದ್ರು. ಸನ್ಯಾಸಿ ವೇಷ, ವ್ಯಾಪಾರಿ ವೇಷ ಎಲ್ಲ ಆದ ಮೇಲೆ ಬರುವವರು ಯಾರು ಗೊತ್ತುಂಟಾ, ಅಡುಗೆಯವ, ಸ್ನಾನ ಮಾಡಿಸುವವ, ಮೈಕೈ ಒತ್ತುವವ, ಹಾಸಿಗೆ ಹಾಸುವವ, ನೀರು ತಂದುಕೊಡುವವ. ನಾನು ದಿನಾ ಮಾಡುವ ಕೆಲಸವೇ ಪೂರಾ! ನಾನು ಖುಷಿಯಲ್ಲಿ ಹಲ್ಲು ಬಿಡುವಾಗ ಅಜ್ಜ ಮೆಲ್ಲ ಹೇಳಿದ್ರು, "ಅವರೆಲ್ಲ ವಿಷ ಹಾಕಲಿಕ್ಕೆ ಇಟ್ಟ ಜನ ಮಗಾ, ನೀ ಕೊಟ್ಟ ಮಾತ್ರೆ ಸರಿ ಉಂಟಲ್ಲ?" ಹುಡುಗ ಬಿದ್ದು ಬಿದ್ದು ನಗಾಡಿದ.

ಅವನ ಅಮ್ಮ ಒಂದು ರಾತ್ರಿ ನೂರ್ ಇನಾಯತ್ ಖಾನ್ ಅನ್ನುವವರ ವಿಷಯ ಹೇಳಿದ್ರು. ಇದು ಕಥೆ ಅಲ್ಲ, ನಡೆದದ್ದು. ಟಿಪ್ಪು ವಂಶದವರು, ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಹತ್ರ. ಮಕ್ಕಳ ಕಥೆ ಬರೀತಿದ್ದವರು, ನಮ್ಮ ಬುದ್ಧನ ಜಾತಕ ಕಥೆಗಳಲ್ಲಿ 20 ಆರಿಸಿ 1939ರಲ್ಲಿ ಪುಸ್ತಕ ಮಾಡಿದ್ರು, ಎರಡನೇ ಮಹಾಯುದ್ಧ ಶುರುವಾದಾಗ ರೆಡ್ ಕ್ರಾಸಲ್ಲಿ ನರ್ಸಿಂಗ್ ಟ್ರೈನಿಂಗ್ ತಗೊಂಡ್ರು, ಆಮೇಲೆ 1943ರ ಜೂನಲ್ಲಿ ಬ್ರಿಟಿಷರ ಕಡೆಯಿಂದ ವೈರ್‌ಲೆಸ್ ಹಿಡ್ಕೊಂಡು ಜರ್ಮನ್ನರ ಕೈಯಲ್ಲಿದ್ದ ಫ್ರಾನ್ಸಿಗೆ ಹೋದ್ರು, ಗುಟ್ಟಿನ ಹೆಸರು ಮೆಡಲಿನ್. ಸಿಕ್ಕಿಬಿದ್ದು 1944ರ ಸೆಪ್ಟೆಂಬರಲ್ಲಿ ಜರ್ಮನಿಯ ಡಾಕಾವ್ ಅನ್ನುವ ಸೆರೆ ಕ್ಯಾಂಪಲ್ಲಿ ಕೊಂದರು, 30 ವರ್ಷ ಅಷ್ಟೆ. ಹುಡುಗ ಮಂಗಳೂರಲ್ಲಿ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ನೋಡಿದವನು, ಅಲ್ಲಿಯ ಟಿಪ್ಪುವಾ ಅಂತ ಕೇಳಿದ. ಹೌದು ಅಂದಾಗ ತುಂಬ ಹೊತ್ತು ಮಾತಾಡ್ಲಿಲ್ಲ. ಮಕ್ಕಳ ಕಥೆ, ಆರೈಕೆ, ಬೇಹುಗಾರಿಕೆ ಮೂರೂ ಒಬ್ಬರೇ ಮಾಡಿದ್ದುಂಟು ಅಂದ ಮೇಲೆ ನಿಮ್ಮ ಪುಟದ ಅಕ್ಕ ಮಾಡಿದ್ರೆ ಏನು ತಪ್ಪು ಅಂತ ಆ ಓದುಗರನ್ನು ಕೇಳ್ತೇನೆ.

ಮತ್ತೆ ಸಂಶಯದ ಮಾತು ಹೇಳಿದ್ರಲ್ಲ, ನಿಜ ಹೇಳಬೇಕಾ? ಕಥೆ ಬರುವ ಮೊದಲೇ ಸಂಶಯ ಉಂಟು. ನಾನು ಇದರ ಮೊದಲು ಇದ್ದ ಒಂದು ಮನೇಲಿ ಹಾಲಲ್ಲಿ ಒಂದು ಕ್ಯಾಮೆರಾ, ಅಜ್ಜಿಯ ರೂಮಲ್ಲಿ ಒಂದು, ಫ್ರಿಜ್ಜಿಗೆ ಎದುರಾಗಿ ಇನ್ನೊಂದು. ಮಗ ದುಬೈಯಲ್ಲಿ ಕೂತು ನೋಡ್ತಿದ್ರು, ನಾನು ಎರಡನೇ ಸಲ ಚಾ ಮಾಡಿದ್ರೆ ಫೋನು ಬರ್ತಿತ್ತು. ಸ್ಪೈ ಯಾರು ಅಂತ ನೀವೇ ಹೇಳಿ. (ಈಗಿನ ಮನೆಯವರು ಹಾಗಲ್ಲ, ಈ ಪತ್ರ ಅವರಿಗೂ ಓದಿ ತೋರಿಸಿಯೇ ಕಳಿಸ್ತಾ ಇದ್ದೇನೆ.)

ಹಾಗಾಗಿ ಕಥೆ ನಿಲ್ಲಿಸಬೇಡಿ. ಆದ್ರೆ ನನ್ನದೂ ಒಂದು ತಕರಾರು ಉಂಟು, ಅದಕ್ಕೇ ಬರೆಯಲಿಕ್ಕೆ ಕೂತದ್ದು.

ಮೂರನೇ ಕಂತಲ್ಲಿ ನಿಮ್ಮ ಅಕ್ಕ ರಾತ್ರಿ ಕಂಪೌಂಡ್ ಹಾರಿ ಸ್ಕೂಟರಲ್ಲಿ ಮಲ್ಪೆಗೆ ಹೋಗ್ತಾಳೆ, ಅಲ್ಲಿಂದ ಸೇಂಟ್ ಮೇರಿಸ್ ದ್ವೀಪಕ್ಕೆ, ಆ ಕಂಬ ಕಂಬ ಕಲ್ಲುಗಳ ಎಡೆಯಲ್ಲಿ ಕಳ್ಳರ ಹಿಂದೆ ಓಡ್ತಾಳೆ, ಬೆಳಗ್ಗೆ ಬರುವಾಗ ಅಜ್ಜ ಸುಖವಾಗಿ ಗೊರಕೆ ಹೊಡೀತಾ ಇರ್ತಾರೆ. ಅಲ್ಲ, ರಾತ್ರಿ ಪೂರ್ತಿ ಅಜ್ಜನ ಹತ್ರ ಯಾರಿದ್ರು? ಬರೆದವರಿಗೆ ಎದ್ದು ಓಡಾಡಲಿಕ್ಕೆ ಆಗದವರ ಒಂದು ರಾತ್ರಿ ಹೇಗಿರ್ತದೆ ಅಂತ ಗೊತ್ತಿಲ್ಲ ಅಂತ ಕಾಣ್ತದೆ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ರೆ ಬೆನ್ನಲ್ಲಿ ಹುಣ್ಣು ಏಳ್ತದೆ, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲಡಿಗೆ ದಿಂಬು ಕೊಡಬೇಕು. ಏರ್ ಬೆಡ್ಡಿನ ಪಂಪು ರಾತ್ರಿ ಇಡೀ ಗುಂಯ್ ಅಂತ ಇರ್ತದೆ, ಆ ಶಬ್ದಕ್ಕೆ ನನಗೆ ನಿದ್ರೆ ಬರ್ತದೆ, ಕರೆಂಟು ಹೋಗಿ ಶಬ್ದ ನಿಂತ್ರೆ ಎಚ್ಚರ ಆಗ್ತದೆ. ಶುಗರ್ ಇಳಿದ್ರೆ ಅಜ್ಜ ಕರೆಯುವುದಿಲ್ಲ, ಮೈ ಬೆವರ್ತದೆ, ಕೈ ನಡುಗ್ತದೆ, ಮಾತು ಎಲ್ಲಿಂದ ಎಲ್ಲಿಗೋ ಹೋಗ್ತದೆ. ಒಂದು ಸಲ ರಾತ್ರಿ ಎರಡೂವರೆಗೆ ಅವರು ನನ್ನನ್ನು ಹೆಡ್‌ಮಾಸ್ಟ್ರೇ ಅಂತ ಕರೆದ್ರು. ನಾನು ಕೂಡಲೇ ಎಬ್ಬಿಸಿ ಕೂರಿಸಿ ಸಕ್ಕರೆ ನೀರು ಕುಡಿಸಿದೆ. ಕಾಲು ಗಂಟೆ ಕಳೆದ ಮೇಲೆ, "ಎಂತ ಮಗಾ, ಇನ್ನೂ ಮಲಗ್ಲಿಲ್ವಾ" ಅಂತ ಕೇಳಿದ್ರು.

ಅಜ್ಜನೂ ಏನು ಕಮ್ಮಿ ಸ್ಪೈ ಅಲ್ಲ ಬಿಡಿ. ದಿಂಬಿನ ಕವರೊಳಗೆ ಬೆಲ್ಲದ ತುಂಡು ಅಡಗಿಸಿ ಇಡ್ತಾರೆ, ಸಪ್ಲೈ ಮಾಡುವುದು ಮೊಮ್ಮಗ. ನನಗೆ ಗೊತ್ತಾದದ್ದು ಹೇಗೆ? ಇರುವೆ ಸಾಲು. ಕಿಟಕಿಯಿಂದ ಮಂಚದ ಕಾಲಿಗೆ, ಅಲ್ಲಿಂದ ಸೀದಾ ದಿಂಬಿಗೆ. ಇಂಥದ್ದು ನಿಮ್ಮ ಚಿತ್ರಕಥೆಯಲ್ಲಿ ಒಂದಾದ್ರೂ ಬಂತಾ? ಆ ಅಕ್ಕ ಕರಾಟೆ ಹೊಡೆಯುವುದು ಬಂತು, ಹೇರ್‌ಪಿನ್ನಲ್ಲಿ ಬೀಗ ತೆಗೆಯುವುದು ಬಂತು, ಒಂದು ಸಲವಾದ್ರೂ ಅಜ್ಜನಿಗೆ ಊಟ ತಿನ್ನಿಸಿದ್ದು ಬರಲಿಲ್ಲ. ಹೋಂ ನರ್ಸ್ ಅನ್ನುವುದು ಬರೀ ವೇಷ, ಅಸಲಿ ಕೆಲಸ ಓಡುವುದು ಹಾರುವುದು ಅಂತ ಆಯ್ತಲ್ಲ, ಅದೇ ನನಗೆ ಸರಿ ಕಾಣದ್ದು. ಬೆವರು ನೋಡಿ ಶುಗರ್ ಹೇಳುವವಳು, ಇರುವೆ ನೋಡಿ ಬೆಲ್ಲ ಹಿಡಿಯುವವಳು ಕಳ್ಳರನ್ನು ಹಿಡಿಯಲಿಕ್ಕೂ ಅದೇ ಕಣ್ಣು ಇಟ್ಟುಕೊಳ್ಳಬಹುದಲ್ಲ?

ಇನ್ನೊಂದು, ಸಣ್ಣದು. ನನ್ನ ತಮ್ಮ ಬೋಟಿಗೆ ಹೋಗುವವ, ಅದಕ್ಕೆ ಹೇಳ್ತೇನೆ. ನಿಮ್ಮ ಕಳ್ಳರು ಜುಲೈಯ ಮಳೆಯಲ್ಲಿ ಟ್ರಾಲ್ ಬೋಟ್ ಹತ್ತಿ ಪರಾರಿ ಆಗ್ತಾರೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಇಂಥ ದೊಡ್ಡ ಬೋಟುಗಳ ಮೀನುಗಾರಿಕೆಗೆ ರಜೆ ಮಾರಾಯ್ರೆ, ಬೋಟೆಲ್ಲ ಸಾಲಾಗಿ ಬಂದರಲ್ಲಿ ನಿಂತಿರ್ತದೆ, ದ್ವೀಪಕ್ಕೆ ಹೋಗುವ ಟೂರಿಸ್ಟ್ ಬೋಟೂ ಮಳೆಗಾಲದಲ್ಲಿ ಬಂದ್. ಆ ಸಮಯದಲ್ಲಿ ಅಂಥ ಒಂದು ಬೋಟ್ ಹೊರಟ್ರೆ ಇಡೀ ಮಲ್ಪೆಗೆ ಸುದ್ದಿ ಆಗ್ತದೆ, ಸ್ಪೈ ಬೇಕಾಗುವುದಿಲ್ಲ. ಇದನ್ನು ಹೇಳಿದ್ದಕ್ಕೆ ಹುಡುಗ ಹೇಳಿದ, ಹಾಗಾದ್ರೆ ಕಳ್ಳರಿಗೆ ರಜೆಯ ವಿಷಯ ಗೊತ್ತಿರಲಿಲ್ಲ, ಹಾಗೇ ಸಿಕ್ಕಿಬಿದ್ರು ಅಂತ ಮಾಡಬಹುದು ಅಂತ. ನನಗೆ ಇದು ಒಳ್ಳೆ ಐಡಿಯಾ ಕಂಡಿತು, ಬೇಕಾದ್ರೆ ತಗೊಳ್ಳಿ.

ಅಜ್ಜನ ವಿಷಯಕ್ಕೂ ಅವನದ್ದೇ ಒಂದು ಪ್ಲಾನ್ ಉಂಟು. ಅಜ್ಜನನ್ನು ಮನೇಲಿ ಬಿಡುವುದೇ ಬೇಡ, ವೀಲ್‌ಚೇರಲ್ಲಿ ಕರ್ಕೊಂಡು ಹೋಗುವುದು, ಕಳ್ಳರ ತಾಳೆಗರಿ ಓದಲಿಕ್ಕೆ ಸಂಸ್ಕೃತ ಬರುವವರು ಹೇಗೂ ಬೇಕಲ್ಲ. ಅಜ್ಜ ಒಪ್ಪಿದ್ದಾರೆ. ಮಲ್ಪೆಯ ಮರಳಲ್ಲಿ ವೀಲ್‌ಚೇರ್ ದೂಡುವುದು ಎಷ್ಟು ಕಷ್ಟ ಅಂತ ನನ್ನನ್ನು ಯಾರೂ ಕೇಳಲಿಲ್ಲ, ಅದು ಬೇರೆ. ಆದ್ರೆ ಮುಂದಿನ ಭಾನುವಾರದ ಕಂತಲ್ಲಿ ಎಷ್ಟು ಬೇಕಾದ್ರೂ ಓಡಿಸಿ ಹಾರಿಸಿ, ಮೂರನೇ ಕಂತಿನ ಆ ರಾತ್ರಿ ಅಜ್ಜನ 9 ಗಂಟೆಯ ಮಾತ್ರೆ ಯಾರು ಕೊಟ್ಟದ್ದು ಅಂತ ಒಂದು ಚೌಕದಲ್ಲಾದ್ರೂ ಹಾಕಿ. ಇಲ್ಲಿ ಅಜ್ಜನೂ ಕೇಳ್ತಾ ಇದ್ದಾರೆ.

ಇತಿ,
ಒಬ್ಬಳು ಹೋಂ ನರ್ಸ್, ಉಡುಪಿ
(ಹೆಸರು ಹಾಕಬೇಡಿ ಸರ್, ಸ್ಪೈ ಅಲ್ವಾ)