ಅಂಗಡಿಗೆ ಹೋಗುವ ಮೊದಲು ಬೀರು ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಹೊಸದಾಗಿ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಕೊಳ್ಳುವವರಿಗೆ ಸಲಹೆ ಕೊಡುವ ಲೇಖನವನ್ನು ನಿಮ್ಮ ಪುರವಣಿಯಲ್ಲಿ ಓದಿದೆ. ಮೆಗಾಪಿಕ್ಸೆಲ್, ವಿಡಿಯೊ, ತೂಕ, ಬ್ಯಾಟರಿ ಎಲ್ಲವನ್ನೂ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ ಒಂದು ಪ್ರಶ್ನೆ ಎಲ್ಲೂ ಬರಲಿಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ಯಾವ ಲೆನ್ಸ್ ಇದೆ? ಫಿಲಂ ಕಾಲದಲ್ಲಿ ಫೋಟೋ ತೆಗೆದವರ ಮನೆಯ ಬೀರುವಿನಲ್ಲಿ ಒಂದೆರಡಾದರೂ ಒಳ್ಳೆಯ ಲೆನ್ಸ್ ಸುಮ್ನೆ ಕೂತಿರುತ್ತದೆ. ಅಂಥವರು ಬಾಡಿ, ಅಂದರೆ ಲೆನ್ಸಿಲ್ಲದ ಕ್ಯಾಮೆರಾ, ಮಾತ್ರ ನೋಡಿಕೊಂಡು ಹೊರಟರೆ ದಾರಿ ತಪ್ಪುತ್ತಾರೆ. ನನಗೂ ಕೆಟ್ಟ ಮೇಲೇ ಬುದ್ಧಿ ಬಂದದ್ದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಹುಳಹುಪ್ಪಟೆಗಳ ಫೋಟೋ ತೆಗೆಯುವ ಹುಚ್ಚು ಮೊದಲಿಂದಲೂ ಇದೆ. ನನ್ನ ಹತ್ತಿರ ನಾಲ್ಕು ಲೆನ್ಸ್ ಇವೆ, ನಾಲ್ಕೂ ನಿಕಾನ್. ಅಪ್ಪನಿಂದ ಬಂದ 28 ಮಿ.ಮೀ., 1960ರ ದಶಕದ್ದು. ನಾನೇ ಕೊಂಡ 105 ಮಿ.ಮೀ. ಎಫ್ 4 ಮೈಕ್ರೊ, ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆಯುವಂಥದ್ದು, ಕೈಯಲ್ಲೇ ಫೋಕಸ್ ಮಾಡಬೇಕು. ಆಟೋಫೋಕಸ್ ಬಂದ ಮೇಲಿನವು ಎರಡು: 50 ಮಿ.ಮೀ. ಎಫ್ 1.8 ಮತ್ತು ಒಂದು 70-300 ಜೂಮ್.

ನಿಕಾನ್ ಎಫ್ ಮೌಂಟ್ 1959ರಿಂದ ಬದಲಾಗಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಲೆನ್ಸ್ ಕೂರುವ ಉಂಗುರದ ಆಕಾರ ಬದಲಾಗಿಲ್ಲ. ಆ ಮಾತನ್ನೇ ನಂಬಿಕೊಂಡು ಅಂಗಡಿಗೆ ಹೋದೆ. ಲೆನ್ಸ್‌ಗಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಹಗುರವಾದ ಪುಟ್ಟ ಬಾಡಿಯೊಂದನ್ನು ತೋರಿಸಿದರು. "ಹಳೇ ಲೆನ್ಸ್ ಆಗುತ್ತಾ?" ಅಂತ ಕೇಳಿದೆ. "ಎಲ್ಲಾ ಕೂರುತ್ತೆ ಮೇಡಂ" ಅಂದರು. ಅದನ್ನೇ ತಂದೆ. ಅವರು ಸುಳ್ಳು ಹೇಳಲಿಲ್ಲ. ಎಲ್ಲಾ ಕೂತವು. ಕೂತದ್ದಷ್ಟೇ.

ಮೊದಲು 50 ಹಾಕಿದೆ. ಪರದೆಯಲ್ಲಿ 'ಎಫ್ ಇಇ' ಅಂತ ಏನೋ ಮಿಣುಕಿತು, ಶಟರ್ ಒತ್ತಿದರೆ ಬೀಳಲೇ ಇಲ್ಲ. ಕ್ಯಾಮೆರಾ ಕೆಟ್ಟಿದೆ ಅಂತಲೇ ಅರ್ಧ ದಿನ ಒದ್ದಾಡಿದೆ. ವಿಷಯ ಇಷ್ಟೇ: ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಂಡಿ) ರಿಂಗನ್ನು ಎಲ್ಲಕ್ಕಿಂತ ದೊಡ್ಡ ಸಂಖ್ಯೆಗೆ, ನನ್ನದರಲ್ಲಿ 22ಕ್ಕೆ, ತಿರುಗಿಸಿ ಲಾಕ್ ಮಾಡಬೇಕು. ಆಮೇಲೆ ಅಪರ್ಚರನ್ನು ಬಾಡಿಯೇ ನೋಡಿಕೊಳ್ಳುತ್ತದೆ. ಅದು ಸರಿಹೋಯಿತು. ಫೋಕಸ್ ಮಾತ್ರ ಅಲ್ಲಾಡಲಿಲ್ಲ. ಆಟೋಫೋಕಸ್ ಲೆನ್ಸ್ ಅಂತ ಮೈಮೇಲೇ ಬರೆದಿದೆ, ಕ್ಯಾಮೆರಾದಲ್ಲೂ ಆಟೋಫೋಕಸ್ ಇದೆ, ಎರಡೂ ಸೇರಿದರೆ ಇಲ್ಲ!

ಕಾರಣ ಲೆನ್ಸಿನ ಬೆನ್ನಲ್ಲಿ ಇತ್ತು. ಇದೊಂದನ್ನು ನಿಮ್ಮ ಓದುಗರು ಕೈಯಲ್ಲಿ ಹಿಡಿದೇ ನೋಡಬೇಕು. ಹಳೆಯ ನಿಕಾನ್ ಆಟೋಫೋಕಸ್ ಲೆನ್ಸನ್ನು ತಿರುಗಿಸಿ ಹಿಡಿಯಿರಿ. ಹಿಂದಿನ ಲೋಹದ ಉಂಗುರದಲ್ಲಿ, ನಡುವೆ ಸೀಳಿರುವ ಸ್ಕ್ರೂ ತಲೆಯಂಥದ್ದು ಒಂದು ಕಾಣುತ್ತದೆ. ಉಗುರು ಕೊಟ್ಟು ತಿರುಗಿಸಿದರೆ ಲೆನ್ಸಿನ ಫೋಕಸ್ ಓಡುತ್ತದೆ. ಅದನ್ನು ತಿರುಗಿಸುವ ಮೋಟಾರು ಲೆನ್ಸಿನಲ್ಲಿ ಇಲ್ಲ, ಬಾಡಿಯಲ್ಲಿ ಇರಬೇಕು. ಮೋಟಾರಿರುವ ಬಾಡಿಯ ಮುಚ್ಚಳ ತೆಗೆದು ನೋಡಿದರೆ, ಉಂಗುರದ ಅಂಚಿನಲ್ಲಿ ಸ್ಕ್ರೂಡ್ರೈವರ್ ತುದಿಯಂಥ ಚಿಕ್ಕ ಕಡ್ಡಿ ಇಣುಕುತ್ತಿರುತ್ತದೆ. ನಾನು ತಂದದ್ದರಲ್ಲಿ ಆ ಜಾಗ ಖಾಲಿ. ಡಿ40, ಡಿ60, ಡಿ3000 ಮತ್ತು ಡಿ5000 ಸಾಲಿನವು ಯಾವುದರಲ್ಲೂ ಈ ಮೋಟಾರಿಲ್ಲ. ಡಿ70, ಡಿ80, ಡಿ90, ಡಿ7000 ಸಾಲು ಮತ್ತು ನಿಕಾನ್‌ನ ಫುಲ್ ಫ್ರೇಮ್ (ಫಿಲಂ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿರುವ) ಡಿಎಸ್‌ಎಲ್‌ಆರ್‌ಗಳಲ್ಲಿ ಇದೆ. ಎಎಫ್-ಎಸ್ ಅಂತ ಬರೆದ ಲೆನ್ಸ್‌ಗಳಿಗೆ ಮೋಟಾರು ಒಳಗೇ ಇರುವುದರಿಂದ ಈ ತಲೆನೋವಿಲ್ಲ. ಅಂದರೆ ಹೊಸ ಲೆನ್ಸ್ ಕೊಳ್ಳುವವರಿಗೆ ನಾನು ತಂದ ಬಾಡಿ ಏನೂ ಮೋಸವಲ್ಲ. ಹಳೆಯದು ಇಟ್ಟುಕೊಂಡವಳು ನಾನು, ಕೇಳಬೇಕಾದ ಪ್ರಶ್ನೆ ಬಿಟ್ಟು ಬೇರೆ ಕೇಳಿದವಳೂ ನಾನೇ. "ಕೂರುತ್ತಾ" ಅಂತ ಅಲ್ಲ, "ಫೋಕಸ್ ಆಗುತ್ತಾ, ಮೀಟರ್ ಓಡುತ್ತಾ" ಅಂತ ಕೇಳಬೇಕಿತ್ತು.

ಮೀಟರಿನ, ಅಂದರೆ ಬೆಳಕನ್ನು ಅಳೆಯುವ ಸಾಧನದ, ಮಾತು ಬಂದದ್ದು 105ರಿಂದ. ಜೇನುಹುಳ ಹೂವಿನ ಮೇಲೆ ಕೂತಿರುವುದೇ ಒಂದು ಗಳಿಗೆ. ಅಷ್ಟರಲ್ಲಿ ಬೆಳಕನ್ನು ಅಂದಾಜು ಮಾಡುತ್ತಾ ಕೂರಲು ಆಗಲ್ಲ. ಆ ಪುಟ್ಟ ಬಾಡಿಗೆ 105 ಹಾಕಿದರೆ ಮೀಟರ್ ಸತ್ತಂತೆ. ಲೆನ್ಸಿನಲ್ಲಿ ಎಲೆಕ್ಟ್ರಾನಿಕ್ ಸಂಪರ್ಕ ಇಲ್ಲವಲ್ಲ, ಅದಕ್ಕೆ ಅಪರ್ಚರ್ ಎಷ್ಟಿದೆ ಅಂತ ಹೇಳುವವರೇ ಇಲ್ಲ. 1977ರಲ್ಲಿ ನಿಕಾನ್ ಇದಕ್ಕೊಂದು ಉಪಾಯ ತಂದಿತ್ತು, ಎಐ (ಆಟೋಮ್ಯಾಟಿಕ್ ಇಂಡೆಕ್ಸಿಂಗ್) ಅಂತ. ಅಪರ್ಚರ್ ರಿಂಗಿನ ಹಿಂದಿನ ಅಂಚಿನಲ್ಲಿ ಒಂದು ಮೆಟ್ಟಿಲು ಕೊರೆದಿರುತ್ತಾರೆ. ಬಾಡಿಯ ಅಂಚಿನಲ್ಲಿರುವ ಪುಟ್ಟ ಕೊಂಡಿ ಆ ಮೆಟ್ಟಿಲಿಗೆ ತಾಗಿಕೊಂಡು ತಿರುಗುತ್ತದೆ. ಎಷ್ಟು ತಿರುಗಿತು ಅನ್ನುವುದೇ ಲೆಕ್ಕ. ಬರೀ ಲೋಹ, ಬರೀ ತಾಗುವಿಕೆ. ನನಗೆ ಇದು ಈಗಲೂ ಖುಷಿ ಕೊಡುತ್ತದೆ.

ಈ ಕೊಂಡಿ ಯಾವ ಡಿಎಸ್‌ಎಲ್‌ಆರ್‌ನಲ್ಲಿದೆ ಅನ್ನುವುದರಲ್ಲೇ ಸ್ವಾರಸ್ಯ ಇರುವುದು. ಡಿ90ರಲ್ಲಿ ಮೋಟಾರಿದೆ, ಕೊಂಡಿ ಇಲ್ಲ. 2010ರ ಡಿ7000, ಆಮೇಲಿನ ಡಿ7100, 2015ರ ಡಿ7200, ಇವುಗಳಲ್ಲಿ ಎರಡೂ ಇವೆ. 2017ರ ಡಿ7500ರಲ್ಲಿ ಕೊಂಡಿಯನ್ನು ತೆಗೆದುಬಿಟ್ಟರು! ನಿಮ್ಮ ಲೇಖನದಲ್ಲಿ "ಎರಡು ಮಾದರಿಗಳಲ್ಲಿ ಹೊಸದನ್ನೇ ಆರಿಸಿ" ಅಂತ ಒಂದು ಸಾಲಿದೆ. ನನ್ನಂಥವಳು ಅದನ್ನು ಪಾಲಿಸಿದ್ದರೆ ಇನ್ನೊಂದು ಸಲ ಮುಗ್ಗರಿಸುತ್ತಿದ್ದಳು. ನಾನು ಸೆಕೆಂಡ್ ಹ್ಯಾಂಡ್ ಡಿ7200 ತಂದೆ. ಈ ಸಲ ನಾಲ್ಕೂ ಲೆನ್ಸನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ, ಮೂರನ್ನು ಅಲ್ಲೇ ಹಾಕಿ ನೋಡಿದೆ. 50 ಗರ್ರನೆ ಓಡಿ ನಿಂತಿತು. ಸದ್ದು ಜಾಸ್ತಿಯೇ, ಆದರೆ ಆ ಸದ್ದು ಕೇಳಿ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಕೈಫೋಕಸ್ ಲೆನ್ಸ್‌ಗಳ ವಿವರವನ್ನು ಇದರ ಮೆನುವಿನಲ್ಲಿ ಬರೆದಿಡಬಹುದು, ಒಂಬತ್ತು ಲೆನ್ಸ್‌ವರೆಗೆ. 105 ಮಿ.ಮೀ., ಎಫ್ 4 ಅಂತ ಒಮ್ಮೆ ಬರೆದೆ, ಮೀಟರ್ ಎದ್ದು ಕೂತಿತು. ವ್ಯೂಫೈಂಡರಿನ ಮೂಲೆಯಲ್ಲಿ ಫೋಕಸ್ ಸರಿಯಾದಾಗ ಒಂದು ಚುಕ್ಕಿ ಬೆಳಗುತ್ತದೆ. ಹಳೆಯ ಫಿಲಂ ಕ್ಯಾಮೆರಾದಂತೆ ಬಿಂಬ ಎರಡಾಗಿ ಸೀಳಿ ಸೇರುವ ಗಾಜು ಈಗಿನದರಲ್ಲಿ ಇಲ್ಲವಾದ್ದರಿಂದ, ನನ್ನ ವಯಸ್ಸಿನ ಕಣ್ಣಿಗೆ ಆ ಚುಕ್ಕಿಯೇ ಗತಿ.

ಹಾಕಿ ನೋಡದ ನಾಲ್ಕನೆಯದು ಅಪ್ಪನ 28. ಅದು ಎಐಗಿಂತ ಹಿಂದಿನದು, ರಿಂಗಿನ ಅಂಚು ಪೂರ್ತಿ ದಪ್ಪ, ಮೆಟ್ಟಿಲೇ ಇಲ್ಲ. ಕೊಂಡಿ ಇರುವ ಬಾಡಿಗೆ ಒತ್ತಿ ತಿರುಗಿಸಿದರೆ ಕೊಂಡಿಯೇ ಮುರಿಯಬಹುದು. ಗುರುತು ಹಿಡಿಯುವುದು ಸುಲಭ. ಎಐ ಲೆನ್ಸಿನ ರಿಂಗಿನಲ್ಲಿ ಅಪರ್ಚರ್ ಸಂಖ್ಯೆಗಳು ಎರಡು ಸಾಲು ಇರುತ್ತವೆ, ಹಿಂದಿನ ಸಾಲು ಇರುವೆಯಂತೆ ಚಿಕ್ಕದು. ಅಪ್ಪನದರಲ್ಲಿ ಒಂದೇ ಸಾಲು. ಅಂಚನ್ನು ಕೊರೆಸಿ ಎಐ ಮಾಡಿಸಿಕೊಳ್ಳುವವರೂ ಇದ್ದಾರೆ. ಯಾರೋ ಹಿಂದೆಯೇ ಕೊರೆಸಿರಬಹುದು, ಆದ್ದರಿಂದ ಸಂಖ್ಯೆಯ ಜೊತೆಗೆ ಅಂಚನ್ನೂ ಸವರಿ ನೋಡಬೇಕು. ಅಪ್ಪನ ಲೆನ್ಸಿಗೆ ಅರ ಹಾಕಿಸುವ ಮನಸ್ಸು ನನಗೆ ಬರಲಿಲ್ಲ. 2013ರಲ್ಲಿ ಬಂದ ನಿಕಾನ್ ಡಿಎಫ್‌ನಲ್ಲಿ ಕೊಂಡಿಯನ್ನು ಮಡಚಿಡುವಂತೆ ಮಾಡಿದ್ದಾರೆ, ಇಂಥ ಲೆನ್ಸ್‌ಗಳಿಗಾಗಿಯೇ. ಅದು ನನ್ನ ಕೈಗೆಟುಕುವ ಬಾಡಿಯಲ್ಲ.

ಇಲ್ಲೇ ಒಂದು ತಮಾಷೆ. ನಾನು ಬೈದು ಮೂಲೆಗಿಟ್ಟ ಪುಟ್ಟ ಬಾಡಿಯಲ್ಲಿ ಕೊಂಡಿಯೇ ಇಲ್ಲವಲ್ಲ, ಮುರಿಯುವುದಕ್ಕೆ ಏನಿದೆ? ಅಪ್ಪನ 28 ಅದಕ್ಕೇ ಸಲೀಸಾಗಿ ಕೂತಿತು. ಮೀಟರಿಲ್ಲ, ಬೇಡ. ಚೆನ್ನಾಗಿ ಬಿಸಿಲಿದ್ದರೆ ಎಫ್ 16 ಇಟ್ಟು, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 200 ಆದರೆ ಶಟರ್ 1/200 ಸೆಕೆಂಡ್. ಅಪ್ಪ ಫಿಲಂ ಹಾಕಿಕೊಂಡು ಇದೇ ಲೆಕ್ಕದಲ್ಲಿ ತೆಗೆಯುತ್ತಿದ್ದರು. ನಮಗೆ ಹಿಂದಿನ ಪರದೆಯಲ್ಲಿ ನೋಡಿ ತಿದ್ದಿಕೊಳ್ಳುವ ಅನುಕೂಲ ಬೇರೆ ಇದೆ. ಆದರೆ ಅದು ಅಪ್ಪನ ಕಾಲದ ಅಗಲ ನೋಟ ಕೊಡಲಿಲ್ಲ. ಫಿಲಂ ಚೌಕಟ್ಟು 36 ಮಿ.ಮೀ. ಅಗಲ, ಈ ಬಾಡಿಗಳ ಸೆನ್ಸರ್ ಸುಮಾರು 23.5 ಮಿ.ಮೀ. ಹಾಗಾಗಿ ನೋಟ ಒಂದೂವರೆ ಪಟ್ಟು ಕಿರಿದಾಗಿ, 28 ಅನ್ನುವುದು 42ರಂತೆ ಕಾಣುತ್ತದೆ. ಬೆಟ್ಟಗುಡ್ಡ, ದೊಡ್ಡ ಗುಂಪು ಅಂತ ತೆಗೆಯುವವರ ಬೀರುವಿನಲ್ಲಿ ಅಗಲದ ಲೆನ್ಸ್‌ಗಳೇ ಜಾಸ್ತಿ ಇದ್ದರೆ, ಫುಲ್ ಫ್ರೇಮ್ ಬಾಡಿಗೆ ಕಾಯುವುದು ವಾಸಿ. ನನಗೆ ಮಾತ್ರ 105ರಲ್ಲಿ ಇದೇ ಲಾಭವಾಯಿತು. ಅದು ಹತ್ತಿರಕ್ಕೆ ಹೋದಾಗ ವಸ್ತುವಿನ ಅರ್ಧ ಅಳತೆಯ ಬಿಂಬ ಕೊಡುತ್ತದೆ. 12 ಮಿ.ಮೀ. ಉದ್ದದ ಜೇನುಹುಳ ಫಿಲಂನಲ್ಲಿ ಚೌಕಟ್ಟಿನ ಅಗಲದ ಆರನೇ ಒಂದು ಭಾಗ ತುಂಬುತ್ತಿತ್ತು, ಈಗ ಕಾಲು ಭಾಗ ತುಂಬುತ್ತದೆ.

ಬೇರೆ ಕಂಪನಿಗಳ ಲೆನ್ಸ್ ಇರುವವರ ಕಥೆ ಬೇರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಾವನ ಕಡೆಯಿಂದ ಬಂದ ಕ್ಯಾನನ್ ಎಫ್‌ಡಿ ಲೆನ್ಸ್ ಹಿಡಿದುಕೊಂಡು, ಕ್ಯಾನನ್ ಡಿಎಸ್‌ಎಲ್‌ಆರ್ ಕೊಳ್ಳುತ್ತೇನೆ ಅಂತ ಹೊರಟಿದ್ದ. ಹೆಸರು ಒಂದೇ ಆದರೂ ಮೌಂಟ್ ಬೇರೆ. ಕ್ಯಾನನ್ 1987ರಲ್ಲಿ ಇಎಫ್ ಅನ್ನುವ ಹೊಸ ಮೌಂಟಿಗೆ ಹೋಯಿತು. ಇಎಫ್ ಲೆನ್ಸ್ ಇದ್ದವರು ಅದೃಷ್ಟವಂತರು. ಮೋಟಾರು ಲೆನ್ಸಿನಲ್ಲೇ ಇರುವುದರಿಂದ ಕ್ಯಾನನ್‌ನ ಯಾವ ಇಒಎಸ್ ಡಿಎಸ್‌ಎಲ್‌ಆರ್ ತಂದರೂ ಫೋಕಸ್ ಆಗುತ್ತದೆ. ಎಫ್‌ಡಿಯವರಿಗೆ ಆ ಯೋಗ ಇಲ್ಲ. "ಅಡಾಪ್ಟರ್ ಹಾಕಿದರೆ ಆಯ್ತಲ್ಲ ಮಿಸ್?" ಅಂದ. ಅವನಿಗೆ ತರಗತಿಯ ಪ್ರಯೋಗವನ್ನೇ ನೆನಪಿಸಬೇಕಾಯಿತು. ಪೀನ ಮಸೂರ ಹಿಡಿದು ಕಿಟಕಿಯಾಚೆಯ ಮರದ ಬಿಂಬವನ್ನು ಗೋಡೆಗೆ ಬೀಳಿಸುತ್ತಿದ್ದೆವಲ್ಲ. ಗೋಡೆಯಿಂದ ಸ್ವಲ್ಪ ಹಿಂದೆ ಸರಿಸಿದರೂ ಮರ ಮಸುಕಾಗುತ್ತಿತ್ತು. ಇಲ್ಲೂ ಅದೇ. ಎಫ್‌ಡಿ ಲೆನ್ಸ್ ಫಿಲಂನಿಂದ 42 ಮಿ.ಮೀ. ದೂರದಲ್ಲಿ ಕೂರಬೇಕು. ಇಎಫ್ ಬಾಡಿಯಲ್ಲಿ ಆ ದೂರವೇ 44 ಮಿ.ಮೀ., ಅದರ ಮೇಲೆ ಅಡಾಪ್ಟರಿನ ದಪ್ಪ. ಹತ್ತಿರದ ಹೂವು ಸಿಗುತ್ತದೆ, ದೂರದ ಮರ ಸಿಗಲ್ಲ. ನಡುವೆ ಗಾಜು ಇರುವ ಅಡಾಪ್ಟರ್ ಬಂದರೆ ಸಿಗುತ್ತದೆ, ಆದರೆ ಒಳ್ಳೆಯ ಲೆನ್ಸಿನ ಹಿಂದೆ ಸಾಧಾರಣ ಗಾಜು ಇಡುವುದಕ್ಕೆ ನನ್ನ ಮನಸ್ಸೊಪ್ಪಲ್ಲ. ವಿಚಿತ್ರ ಏನೆಂದರೆ, ನಿಕಾನ್ ಲೆನ್ಸಿಗೆ ಬೇಕಾದ ದೂರ 46.5 ಮಿ.ಮೀ. ಆದ್ದರಿಂದ ರಿಂಗ್ ಇರುವ ಹಳೆಯ ನಿಕಾನ್ ಲೆನ್ಸ್ ತೆಳ್ಳಗಿನ ಅಡಾಪ್ಟರ್ ಮೂಲಕ ಕ್ಯಾನನ್ ಬಾಡಿಯಲ್ಲಿ ದೂರದ್ದನ್ನೂ ಚೆನ್ನಾಗಿ ತೋರಿಸುತ್ತದೆ. ಸ್ವಂತ ಮನೆಯ ಎಫ್‌ಡಿಗೆ ಇಲ್ಲದ ಜಾಗ ಪಕ್ಕದ ಮನೆಯವರಿಗೆ!

ಪೆಂಟಾಕ್ಸ್ ಇದ್ದವರು ಕಣ್ಣುಮುಚ್ಚಿ ಪೆಂಟಾಕ್ಸ್ ಬಾಡಿಯನ್ನೇ ತರಬಹುದು. 1975ರ ಕೆ ಮೌಂಟ್ ಲೆನ್ಸೂ ಅದರ ಡಿಎಸ್‌ಎಲ್‌ಆರ್‌ಗೆ ಕೂರುತ್ತದೆ, ಹಸಿರು ಬಟನ್ ಒತ್ತಿದರೆ ಬೆಳಕನ್ನೂ ಅಳೆಯುತ್ತದೆ. ಕೈನಡುಕ ತಡೆಯುವ ವ್ಯವಸ್ಥೆ 2006ರ ಕೆ100ಡಿಯಲ್ಲೇ ಬಾಡಿಯೊಳಗೆ ಬಂತು, ಹಾಗಾಗಿ ಮುದಿ ಲೆನ್ಸಿಗೂ ಅದರ ಪ್ರಯೋಜನ ಇದೆ. 1985ರ ನಂತರದ ಮಿನೋಲ್ಟಾ ಆಟೋಫೋಕಸ್ ಲೆನ್ಸ್‌ಗಳು ಸೋನಿಯ ಎ ಮೌಂಟ್ ಬಾಡಿಗಳಿಗೆ ಆಗುತ್ತವೆ. ಅದಕ್ಕಿಂತ ಹಿಂದಿನ ಮಿನೋಲ್ಟಾ ಲೆನ್ಸ್ ಆಗಲ್ಲ.

"ಈಗೇನಿದ್ದರೂ ಮಿರರ್‌ಲೆಸ್" ಅಂತ, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ ಅಂತ, ನಿಮ್ಮ ಲೇಖಕರು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದಾರೆ. ಕೈಫೋಕಸ್ ಲೆನ್ಸ್ ಮಾತ್ರ ಇರುವವರಿಗೆ ಆ ಮಾತು ಸರಿಯೇ. ವ್ಯೂಫೈಂಡರಿನಲ್ಲೇ ಹಿಗ್ಗಿಸಿ ನೋಡಿ ಫೋಕಸ್ ಮಾಡಬಹುದು, ಎಫ್‌ಡಿ ಲೆನ್ಸಿಗೂ ಅಲ್ಲಿ ಜಾಗ ಇದೆ. ನಾನು ಆ ವಿದ್ಯಾರ್ಥಿಗೆ ಹೇಳಿದ್ದೂ ಅದನ್ನೇ. ಆದರೆ ನನ್ನ 50 ಮತ್ತು 70-300ರಂಥ ಸ್ಕ್ರೂ ಲೆನ್ಸ್‌ಗಳಿಗೆ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ (ಹಳೆಯ ಲೆನ್ಸನ್ನು ಅವರ ಮಿರರ್‌ಲೆಸ್ ಬಾಡಿಗೆ ಜೋಡಿಸುವಂಥದ್ದು) ಮೋಟಾರಿಲ್ಲ. ಅಲ್ಲಿಗೆ ಹೋದರೆ ನಾನು ಮತ್ತೆ ಮೊದಲ ಬಾಡಿಯ ದಿನಕ್ಕೇ ವಾಪಸ್.

ಎಲ್ಲ ಹಳೆಯ ಲೆನ್ಸಿಗೂ ಇಷ್ಟು ಮರ್ಯಾದೆ ಬೇಕಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಟಾರ್ಚ್ ಹಾಕಿ ಒಳಗೆ ನೋಡಿ. ಜೇಡರ ಬಲೆಯಂಥ ಬೂಷ್ಟು ಹರಡಿದ್ದರೆ, ಆ ಲೆನ್ಸಿಗಾಗಿ ಬಾಡಿ ಹುಡುಕುವುದು ವ್ಯರ್ಥ. ಯಾವುದೋ ಕಿಟ್‌ನ ಜೊತೆ ಬಂದ 18-55 ಒಂದೇ ಇದ್ದರೂ ಅದಕ್ಕೆ ಕಟ್ಟುಬೀಳಬೇಡಿ, ಇಷ್ಟ ಬಂದ ಕಂಪನಿಗೆ ಹೋಗಿ.

ಮುಂದಿನ ಸಲ ಇಂಥ ಲೇಖನ ಹಾಕುವಾಗ ಲೆನ್ಸಿನ ಹಿಂಭಾಗದ ಒಂದು ಫೋಟೋ ಹಾಕಿ. ಸ್ಕ್ರೂ ತಲೆ ಎಲ್ಲಿ, ಮೆಟ್ಟಿಲು ಎಲ್ಲಿ, ಎರಡು ಸಾಲು ಸಂಖ್ಯೆ ಎಲ್ಲಿ ಅಂತ ಬಾಣದ ಗುರುತು ಹಾಕಿದರೆ ಸಾಕು. "ಹೊಸದನ್ನೇ ಆರಿಸಿ" ಅನ್ನುವ ಸಾಲಿಗೂ ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಪತ್ರದ ಜೊತೆ 105ರಲ್ಲಿ ತೆಗೆದ ಜೇನುಹುಳದ ಚಿತ್ರ ಇಟ್ಟಿದ್ದೇನೆ. ಫೋಕಸ್ ಕಣ್ಣಿನ ಮೇಲಿಲ್ಲ, ರೆಕ್ಕೆಯ ಮೇಲಿದೆ. ಅದು ಲೆನ್ಸಿನ ತಪ್ಪಲ್ಲ, ಬಾಡಿಯದೂ ಅಲ್ಲ. ಒತ್ತುವ ಹೊತ್ತಿಗೆ ನಾನು ಉಸಿರು ಬಿಟ್ಟೆ.

ಇತಿ,
ನಿಮ್ಮ ಹಳೆಯ ಓದುಗಿ,
ನಿವೃತ್ತ ವಿಜ್ಞಾನ ಶಿಕ್ಷಕಿ